ಸಂದೇಶದ ಕಾಲಂ ತೆಗೆಯಿರಿ

 ಸಿನಿಮಾ ಬೋಧಕರ ಈ ಸಮ್ಮೇಳನದ ಅಧ್ಯಕ್ಷ ಪೀಠದಲ್ಲಿ ಹಿಂದೆ ಕುಳಿತವರೆಲ್ಲ ದೊಡ್ಡವರು. ಪಠ್ಯಕ್ರಮ ರೂಪಿಸಿದ್ದಾರೆ, ಕಾಲೇಜುಗಳಿಗೆ ಕ್ಯಾಮೆರಾ ತರಿಸಿದ್ದಾರೆ, ಅವರಿಗೆ ಕೃತಜ್ಞತೆಗಳು. ಬೆಂಗಳೂರಿನ ಶ್ರೀ ಜಯಚಾಮರಾಜೇಂದ್ರ ಪಾಲಿಟೆಕ್ನಿಕ್ಕಿನಲ್ಲಿ ಛಾಯಾಗ್ರಹಣ ಕಲಿತು ಹೋದ ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಅವರನ್ನೂ ವಾಡಿಕೆಯಂತೆ ನೆನೆದದ್ದಾಯಿತು. ಇನ್ನು ವಿಷಯಕ್ಕೆ ಬರಬಹುದು.

ಕಿರುಚಿತ್ರ ಮಾಡಲು ಹೊರಟ ವಿದ್ಯಾರ್ಥಿಯ ಕೈಯಲ್ಲಿ ಏನಿರುತ್ತದೆ? ಬಾಡಿಗೆಗೆ ತಂದ ಕ್ಯಾಮೆರಾ, ನಟಿಸಲು ಒಪ್ಪಿಕೊಂಡ ಗೆಳೆಯರು, ಭಾನುವಾರ ಮಾತ್ರ ಖಾಲಿ ಸಿಗುವ ತರಗತಿ, ಹತ್ತು ನಿಮಿಷದ ಮಿತಿ. ಅಷ್ಟರಲ್ಲಿ ಹೊಸ ಲೋಕವೊಂದನ್ನು ಕಟ್ಟಿ, ಅದರ ನಿಯಮಗಳನ್ನು ತಿಳಿಸಿ, ಕಥೆಯನ್ನೂ ಮುಗಿಸುವುದು ಆಗದ ಮಾತು. ಜಾನರ್, ಅಂದರೆ ಹಾರರ್, ರೌಡಿಸಂ ಎಂಬಂಥ ಸಿನಿಮಾ ಪ್ರಕಾರ, ಇಂಥ ನಿರ್ದೇಶಕನಿಗೆ ಪುಕ್ಕಟೆ ಸಿಗುವ ಬಂಡವಾಳ. ಉದ್ದನೆಯ ಕಾರಿಡಾರು, ಮಿಣುಕುವ ಟ್ಯೂಬ್‌ಲೈಟು, ಆ ತುದಿಯಲ್ಲೊಂದು ಬಾಗಿಲು ತೋರಿಸಿದರೆ ಸಾಕು, ನೋಡುವವರು ಹೆದರಲು ತಯಾರಾಗಿ ಕೂರುತ್ತಾರೆ. ಅವರನ್ನು ಅಲ್ಲಿಗೆ ಕರೆತಂದವರು ಹಿಂದಿನ ನೂರಾರು ಹಾರರ್ ಸಿನಿಮಾಗಳವರು. ಖರ್ಚು ಅವರದು, ಲಾಭ ನಮ್ಮ ಹುಡುಗರದು.

ಸ್ವೀಡನ್ನಿನ ಡೇವಿಡ್ ಸ್ಯಾಂಡ್‌ಬರ್ಗ್ 2013ರಲ್ಲಿ ಮಾಡಿದ ‘ಲೈಟ್ಸ್ ಔಟ್’ ಪೂರ್ತಿ ಮೂರು ನಿಮಿಷವೂ ಇಲ್ಲ. ಚಿತ್ರೀಕರಣ ಅವರದೇ ಫ್ಲ್ಯಾಟಿನಲ್ಲಿ, ನಟಿ ಅವರ ಹೆಂಡತಿ ಲೊಟ್ಟಾ ಲೋಸ್ಟೆನ್. ಮಲಗಲು ಹೊರಟ ಹೆಂಗಸು ದೀಪ ಆರಿಸುತ್ತಾಳೆ. ಕತ್ತಲಲ್ಲಿ ಕಾರಿಡಾರಿನ ತುದಿಗೆ ಯಾರೋ ನಿಂತ ಆಕಾರ. ದೀಪ ಹಾಕಿದರೆ ಯಾರೂ ಇಲ್ಲ. ಆರಿಸಿದರೆ ಇದೆ, ಹಾಕಿದರೆ ಇಲ್ಲ. ಇನ್ನೊಮ್ಮೆ ಆರಿಸಿದಾಗ ಅದು ಅವಳ ಪಕ್ಕದಲ್ಲೇ ಇದೆ. ಆಗ ಅವಳು ಸ್ವಿಚ್ಚು ಕೆಳಗಿಳಿಯದಂತೆ ಅದಕ್ಕೆ ಟೇಪು ಅಂಟಿಸುತ್ತಾಳೆ. ಆ ಟೇಪಿನ ಶಾಟನ್ನು ತರಗತಿಯಲ್ಲಿ ನಿಲ್ಲಿಸಿ ತೋರಿಸಬೇಕು. ಕತ್ತಲಾದರೆ ಬರುತ್ತದೆ, ಬೆಳಕಾದರೆ ಹೋಗುತ್ತದೆ ಎಂಬ ನಿಯಮ ಪಾತ್ರಕ್ಕೂ ನೋಡುವವರಿಗೂ ಒಟ್ಟಿಗೆ ಖಚಿತವಾಗುವುದು ಅಲ್ಲಿ, ಒಂದು ಮಾತೂ ಆಡದೆ. ಕೊನೆಯಲ್ಲಿ ಹಾಸಿಗೆ ಪಕ್ಕದ ದೀಪ ಆರುತ್ತದೆ, ಆರಿಸಿದ್ದು ಮಾತ್ರ ಅವಳಲ್ಲ. ಸ್ಪರ್ಧೆಯೊಂದಕ್ಕೆಂದು ಮಾಡಿದ ಈ ಚಿತ್ರ 2016ರಲ್ಲಿ ಅದೇ ನಿರ್ದೇಶಕರ ಕೈಯಲ್ಲಿ ಹಾಲಿವುಡ್‌ನ ಪೂರ್ಣಪ್ರಮಾಣದ ಸಿನಿಮಾ ಆಯಿತು.

ನಮ್ಮಲ್ಲಿ ನಡೆಯುವುದು ಬೇರೆ. ಹಾಸ್ಟೆಲ್ ಹುಡುಗರು ‘ರೌಡಿಸಂ ಸಿನಿಮಾ ಮಾಡ್ತೀವಿ ಸಾರ್’ ಎಂದು ಬಂದರೆ ಮೊದಲು ಬರುವುದು ಥರ್ಮೋಕೋಲ್ ಲಾಂಗು. ಆಮೇಲೆ ಸಿಗರೇಟು, ಸ್ಲೋ ಮೋಷನ್ ನಡಿಗೆ, ಎದೆ ನಡುಗಿಸುವ ಬಿಜಿಎಂ. ಸಾಮಾನೆಲ್ಲ ಬಂತು, ಸಿನಿಮಾ ಬರಲಿಲ್ಲ. ಅಮೆರಿಕದ ಸಿನಿಮಾ ವಿದ್ವಾಂಸ ರಿಕ್ ಆಲ್ಟ್‌ಮನ್ 1984ರಲ್ಲಿ ಬರೆದ ಲೇಖನವೊಂದು ಈ ರೋಗವನ್ನು ಸರಿಯಾಗಿ ಗುರುತಿಸುತ್ತದೆ. ಜಾನರ್‌ಗೆ ಎರಡು ಪದರ. ಕಣ್ಣಿಗೆ ಕಾಣುವ ಸಾಮಗ್ರಿ ಒಂದು, ಆ ಸಾಮಗ್ರಿಯನ್ನು ಜೋಡಿಸುವ ಕಟ್ಟು ಇನ್ನೊಂದು. ನಮ್ಮ ವಿದ್ಯಾರ್ಥಿಗಳು ಸಾಮಗ್ರಿ ಹೊತ್ತು ತರುತ್ತಾರೆ, ಕಟ್ಟನ್ನು ಥಿಯೇಟರಿನಲ್ಲೇ ಬಿಟ್ಟು ಬರುತ್ತಾರೆ.

2005ರ ‘ಜೋಗಿ’ ನೋಡಿದವರಿಗೆ ಇದು ಕೂಡಲೇ ತಿಳಿಯುತ್ತದೆ. 1995ರ ‘ಓಂ’ ಹಾಕಿಕೊಟ್ಟ ದಾರಿಯಲ್ಲಿ ನಡೆದ ಸಿನಿಮಾ ಅದು. ಮಚ್ಚು, ಲಾಂಗು ಎಲ್ಲ ಇದೆ. ಆದರೆ ಜನ ಹತ್ತತ್ತು ಸಲ ಟಿಕೆಟ್ ಕೊಂಡದ್ದು ಮಚ್ಚು ನೋಡಲಿಕ್ಕೆ ಅಲ್ಲವೇ ಅಲ್ಲ. ಮಗನನ್ನು ಹುಡುಕುತ್ತ ಬೆಂಗಳೂರಿಗೆ ಬಂದ ತಾಯಿ ಸತ್ತಿದ್ದಾಳೆ. ಹೆಣದ ಮುಂದೆ ತಮಟೆಗೆ ಮಗ ಕುಣಿಯುತ್ತಿದ್ದಾನೆ, ಹೆಣ ಯಾರದೆಂದು ಅವನಿಗೆ ಗೊತ್ತಿಲ್ಲ, ಥಿಯೇಟರಿನಲ್ಲಿ ಕುಳಿತ ಪ್ರತಿಯೊಬ್ಬರಿಗೂ ಗೊತ್ತು. ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ಟ್ರೂಫೊಗೆ ವಿವರಿಸಿದ್ದು ಇದನ್ನೇ. ಮೇಜಿನ ಕೆಳಗೆ ಬಾಂಬಿದೆ ಎಂದು ಪ್ರೇಕ್ಷಕರಿಗೆ ಮೊದಲೇ ತಿಳಿಸಿದರೆ ಕಾಲು ಗಂಟೆ ಅವರನ್ನು ತುದಿಗಾಲಲ್ಲಿ ಕೂರಿಸಬಹುದು. ತಿಳಿಸದೆ ಸಿಡಿಸಿದರೆ ಸಿಗುವುದು ಹದಿನೈದು ಸೆಕೆಂಡಿನ ಬೆಚ್ಚುವಿಕೆ. ಜೋಗಿಯ ಆ ದೃಶ್ಯದಲ್ಲಿ ಬಾಂಬೂ ಇಲ್ಲ, ಮಚ್ಚೂ ಇಲ್ಲ. ಯಾರಿಗೆ ಏನು ಗೊತ್ತು ಎಂಬ ಲೆಕ್ಕಾಚಾರ ಮಾತ್ರ ಇದೆ. ಅದಕ್ಕೆ ಬಾಡಿಗೆ ಕೊಡಬೇಕಿಲ್ಲ.

ಕೊನೆಗೆ ನಾಯಕ ಹಾಸಿಗೆಯಿಂದ ಎದ್ದು ‘ಎಲ್ಲ ಕನಸು’ ಎಂದು ಬೆವರು ಒರೆಸಿಕೊಳ್ಳುವ ಟ್ವಿಸ್ಟಿನ ಬಗ್ಗೆಯೂ ಒಂದು ಮಾತು. ಅದನ್ನು ನಿಷೇಧಿಸಬೇಕಿಲ್ಲ. ರೊಬೇರ್ ಆನ್ರಿಕೊ ಅವರ ‘ಆನ್ ಅಕರೆನ್ಸ್ ಅಟ್ ಔಲ್ ಕ್ರೀಕ್ ಬ್ರಿಜ್’ ಮುಗಿಯುವುದೂ ಕಂಡದ್ದೆಲ್ಲ ನಿಜವಲ್ಲ ಎಂದೇ. ಅದಕ್ಕೆ ಕಾನ್ ಪ್ರಶಸ್ತಿ, ಆಸ್ಕರ್ ಎರಡೂ ಬಂದವು. ನೇಣುಹಗ್ಗ ಹರಿದು ಬಿದ್ದವನು ಕಾಣುವ ಎಲೆ, ಹುಳ, ಬಿಸಿಲು ಎಲ್ಲವೂ ಅತಿಯಾಗಿ ಹೊಳೆಯುತ್ತವೆ. ಸುಳಿವು ಅಲ್ಲೇ ಇತ್ತು. ನಮ್ಮವರ ಕನಸಿನಲ್ಲಿ ಸುಳಿವಿರುವುದಿಲ್ಲ, ಅಲಾರಂ ಇರುತ್ತದೆ.

ಇಷ್ಟೆಲ್ಲ ಹೇಳಿದ್ದು ನಿಜವಾದ ಜಗಳಕ್ಕೆ ಬರುವುದಕ್ಕೆ. ಕರ್ನಾಟಕದ ಯಾವುದೇ ಊರಿನ ಕಾಲೇಜು ಕಿರುಚಿತ್ರ ಸ್ಪರ್ಧೆಗೆ ಹೋಗಿ ಅಂಕಪಟ್ಟಿ ನೋಡಿ. ಛಾಯಾಗ್ರಹಣ, ಸಂಕಲನ, ಅಭಿನಯ, ಅವುಗಳ ಪಕ್ಕದಲ್ಲಿ ಕುಳಿತಿರುವುದು ‘ಸಂದೇಶ’. ಚಿತ್ರ ಮುಗಿದು ದೀಪ ಹತ್ತಿದ ಕೂಡಲೇ ತೀರ್ಪುಗಾರರಲ್ಲೊಬ್ಬರು ಮೈಕು ಹಿಡಿದು ಕೇಳುವ ಮೊದಲ ಪ್ರಶ್ನೆ: ‘ಇದರಿಂದ ಸಮಾಜಕ್ಕೆ ಏನು ಸಂದೇಶ ಕೊಡ್ತಿದ್ದೀರಪ್ಪ?’ ಹತ್ತೊಂಬತ್ತರ ಹುಡುಗ ಕೈ ಹಿಂದೆ ಕಟ್ಟಿಕೊಂಡು ತಡವರಿಸುತ್ತಾನೆ. ಮುಂದಿನ ವರ್ಷ ಅವನು ಬುದ್ಧಿವಂತನಾಗಿರುತ್ತಾನೆ. ಪ್ಲಾಸ್ಟಿಕ್, ಹೆಲ್ಮೆಟ್, ಮಾದಕ ವಸ್ತು, ಮತದಾನ, ಈ ನಾಲ್ಕರಲ್ಲಿ ಒಂದನ್ನು ಆರಿಸಿಕೊಂಡು ಬರುತ್ತಾನೆ.

ಜಾನರ್ ಬೇಡ, ಅದು ಕಮರ್ಷಿಯಲ್ ಎನ್ನುವವರಿಗೆ ಒಂದು ವಿಷಯ ಹೊಳೆದಂತಿಲ್ಲ. ಸಂದೇಶದ ಚಿತ್ರವೂ ಒಂದು ಜಾನರ್. ಅದರ ರೂಢಿಗಳು ಹಾರರ್‌ಗಿಂತ ಸವೆದಿವೆ. ಡ್ರೋನಿನಿಂದ ಊರು ಕಾಣಬೇಕು. ಅಲಾರಂ ಹೊಡೆಯಬೇಕು, ನಾಯಕ ಹಲ್ಲುಜ್ಜಬೇಕು. ರಸ್ತೆ ಬದಿಯ ಅಜ್ಜಿಗೆ ಯಾರೂ ಊಟ ಕೊಡಬಾರದು, ಕೊನೆಗೆ ಹರಿದ ಅಂಗಿಯ ಹುಡುಗ ತನ್ನ ಬನ್ನು ಮುರಿದು ಕೊಡಬೇಕು. ಆಗ ಪಿಯಾನೊ. ಆಮೇಲೆ ಕಪ್ಪು ತೆರೆಯ ಮೇಲೆ ಬಿಳಿ ಅಕ್ಷರದಲ್ಲಿ ನೀತಿ, ಅದರಲ್ಲಿ ಎರಡು ಕಾಗುಣಿತದ ತಪ್ಪು. ದೆವ್ವದ ಸಿನಿಮಾ ಮಾಡುವ ಹುಡುಗನಿಗೆ ತಾನು ರೂಢಿಯನ್ನು ಬಳಸುತ್ತಿದ್ದೇನೆ ಎಂಬ ಅರಿವಾದರೂ ಇರುತ್ತದೆ. ಇವನಿಗೆ ತಾನು ಸತ್ಯ ಹೇಳುತ್ತಿದ್ದೇನೆ ಎಂಬ ಭ್ರಮೆ.

ಕೆಲವು ವರ್ಷಗಳ ಹಿಂದೆ ಒಂದು ಜಿಲ್ಲಾ ಕೇಂದ್ರದ ಸ್ಪರ್ಧೆಗೆ ಈ ಅಧ್ಯಕ್ಷರೂ ಅವರ ಹಳೆಯ ಸಹೋದ್ಯೋಗಿಯೊಬ್ಬರೂ ತೀರ್ಪುಗಾರರಾಗಿ ಒಂದೇ ಕಾರಿನಲ್ಲಿ ಹೋಗಿದ್ದರು. ವಾಪಸ್ ಬಂದದ್ದು ಬೇರೆ ಬೇರೆ ಬಸ್ಸಿನಲ್ಲಿ. ಜಗಳಕ್ಕೆ ಕಾರಣ ಏಳು ನಿಮಿಷದ ಒಂದು ಚಿತ್ರ. ಹುಡುಗಿಯರ ಹಾಸ್ಟೆಲು, ರಾತ್ರಿ ಹಾಜರಿ. ವಾರ್ಡನ್ ಹೆಸರು ಕೂಗುತ್ತಾರೆ, ಹುಡುಗಿಯರು ‘ಎಸ್ ಮೇಡಂ’ ಎನ್ನುತ್ತಾರೆ. ಒಂದು ಹೆಸರಿಗೆ ದನಿ ಬರುತ್ತದೆ, ಆದರೆ ಯಾರ ತುಟಿಯೂ ಅಲುಗುವುದಿಲ್ಲ. ಮಾರನೆಯ ರಾತ್ರಿ ಅದೇ ಹೆಸರು, ಅದೇ ದನಿ, ಈ ಸಲ ಮೆಟ್ಟಿಲ ಕಡೆಯಿಂದ. ಸೆಮಿಸ್ಟರ್ ನಡುವೆ ಓದು ಬಿಡಿಸಿ ಮದುವೆ ಮಾಡಿ ಕಳಿಸಿದ ಹುಡುಗಿಯ ಹೆಸರು ಅದು. ರಿಜಿಸ್ಟರಿನಿಂದ ಯಾರೂ ಹೊಡೆದುಹಾಕಿರಲಿಲ್ಲ. ಕೊನೆಯ ಶಾಟಿನಲ್ಲಿ ವಾರ್ಡನ್ ಕೆಂಪು ಪೆನ್ನು ಎತ್ತುತ್ತಾರೆ, ಹೊಡೆಯದೆ ಇಡುತ್ತಾರೆ. ಎಫೆಕ್ಟ್ ಇಲ್ಲ, ಮೇಕಪ್ ಇಲ್ಲ, ಒಂದು ಕೊಠಡಿ, ಒಂದು ಹಾಜರಿ ಪುಸ್ತಕ.

ಸಹೋದ್ಯೋಗಿ ಕೊಟ್ಟ ಷರಾ: ದೆವ್ವ ತೋರಿಸಿ ಮೌಢ್ಯ ಬಿತ್ತುತ್ತದೆ, ಸಂದೇಶ ಸೊನ್ನೆ. ‘ಇದು ಕೇವಲ ಕಾಲ್ಪನಿಕ’ ಎಂದು ಕೊನೆಯಲ್ಲೊಂದು ಕಾರ್ಡು ಹಾಕಿಸಿದರೆ ಪರಿಗಣಿಸಬಹುದು ಎಂಬ ಔದಾರ್ಯವನ್ನೂ ತೋರಿಸಿದರು. ಚಿತ್ರ ಮಾಡಿದ ಹುಡುಗಿಯರು ಒಪ್ಪಲಿಲ್ಲ. ಬಹುಮಾನ ಪ್ಲಾಸ್ಟಿಕ್ ಚೀಲಕ್ಕೆ ಹೋಯಿತು. ಆ ಚಿತ್ರದ ನಿರ್ದೇಶಕಿ ಮುಂದೆ ಸಿನಿಮಾ ಮಾಡಲೇ ಇಲ್ಲ ಎಂಬುದು ಈ ಅಧ್ಯಕ್ಷರಿಗೆ ಇವತ್ತಿಗೂ ನುಂಗಲಾಗದ ಸಂಗತಿ. ಆ ಸಹೋದ್ಯೋಗಿ ಈ ಸಭೆಯಲ್ಲೇ ಇದ್ದಾರೆ, ಅವರಿಗೆ ನಮಸ್ಕಾರ; ವಾದ ಮುಗಿದಿಲ್ಲ.

ಬೇಕಾದರೆ ಸಂದೇಶದ ತಕ್ಕಡಿಯಲ್ಲೇ ತೂಗಿ ನೋಡೋಣ. ಬೆಂಗಳೂರಿನ ಡಬಲ್ ರೋಡ್ ಫ್ಲೈಓವರ್ ಮೇಲೆ ಬೈಕಿನವರು ಡಿವೈಡರ್ ಕಲ್ಲು ಸರಿಸಿ ತಿರುವು ತೆಗೆದುಕೊಳ್ಳುತ್ತಿದ್ದರು, ಸರಿಸಿದ ಕಲ್ಲು ರಸ್ತೆಯಲ್ಲೇ ಬಿದ್ದಿರುತ್ತಿತ್ತು. ಪವನ್ ಕುಮಾರ್ 2016ರಲ್ಲಿ ‘ಯೂ ಟರ್ನ್’ ಮಾಡಿದ್ದು ಇದರ ಮೇಲೆ. ನಿಯಮ ಮುರಿದವರು ಒಬ್ಬೊಬ್ಬರಾಗಿ ಸಾಯುತ್ತಾರೆ. ದೆವ್ವವನ್ನು ತೆಗೆದುಬಿಟ್ಟರೆ ಉಳಿಯುವುದು ಸಂಚಾರ ಪೊಲೀಸರ ಪ್ರಕಟಣೆ. ದೆವ್ವ ಇದ್ದುದರಿಂದ ಆ ಕಲ್ಲು ತಲೆಯಲ್ಲಿ ಉಳಿಯಿತು. ಇನ್ನೂ ಹಿಂದಕ್ಕೆ ಹೋದರೆ, ಯುವಕ ಮಾರ್ಟಿನ್ ಸ್ಕಾರ್ಸೆಸಿ 1967ರಲ್ಲಿ ‘ದಿ ಬಿಗ್ ಶೇವ್’ ಮಾಡಿದರು. ಜಾಹೀರಾತಿನಲ್ಲಿ ಕಾಣುವಂಥ ಬೆಳ್ಳನೆಯ ಬಾತ್‌ರೂಮು, ಹಳೆಯ ಜಾಜ್ ಹಾಡು, ಗಡ್ಡ ಹೆರೆಯುವ ಹುಡುಗ. ಹೆರೆದದ್ದು ಮುಗಿದ ಮೇಲೂ ನಿಲ್ಲಿಸುವುದಿಲ್ಲ; ರಕ್ತ ಸಿಂಕಿನ ತುಂಬ. ವಿಯೆಟ್ನಾಂ ಯುದ್ಧದ ಹೆಸರು ಬರುವುದು ಕೊನೆಯ ಶೀರ್ಷಿಕೆಯಲ್ಲಿ, ಅದೂ ‘ವಿಯೆಟ್ 67’ ಎಂದಷ್ಟೇ. ನಮ್ಮ ಅಂಕಪಟ್ಟಿಯಲ್ಲಿ ಅದಕ್ಕೆ ಎಷ್ಟು ಬೀಳುತ್ತಿತ್ತೋ.

ನಮ್ಮವರದೇ ಉದಾಹರಣೆ ಬೇಕೆನ್ನುವವರಿಗೆ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಇದ್ದಾರೆ. ವೈದ್ಯಕೀಯ ಓದಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದವರು. ಅಲ್ಲಿ ಅವರು ಕನ್ನಡದಲ್ಲಿ ಮಾಡಿದ ಹದಿನಾರು ನಿಮಿಷದ ‘ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ’ 2024ರಲ್ಲಿ ಕಾನ್‌ನ ವಿದ್ಯಾರ್ಥಿ ವಿಭಾಗವಾದ ಲಾ ಸಿನೆಫ್‌ನಲ್ಲಿ ಮೊದಲ ಬಹುಮಾನ ಪಡೆಯಿತು. ನಾವೆಲ್ಲ ಕೇಳಿ ಬೆಳೆದ ಕಥೆಯಲ್ಲಿ ಅಜ್ಜಿ ಹುಂಜವನ್ನು ಕಂಕುಳಲ್ಲಿಟ್ಟುಕೊಂಡು ಊರು ಬಿಟ್ಟರೂ ಊರಿಗೆ ಬೆಳಗಾಗುತ್ತದೆ, ಅಜ್ಜಿಯ ಜಂಬ ಇಳಿಯುತ್ತದೆ. ನೀತಿ ಸಿದ್ಧವಾಗಿದೆ. ನಾಯ್ಕ್ ಅವರ ಸಿನಿಮಾದಲ್ಲಿ ಅಜ್ಜಿ ಹುಂಜ ಕದ್ದರೆ ನಿಜವಾಗಿಯೂ ಬೆಳಗಾಗುವುದಿಲ್ಲ. ಕೇಳುಗರಿಗೆ ಗೊತ್ತಿರುವ ರೂಢಿಯನ್ನು ಹಿಡಿದು ಒಂದೇ ಕಡೆ ತಿರುಗಿಸಿದರು, ನೀತಿ ಜಾರಿಹೋಯಿತು, ಕತ್ತಲು ಉಳಿಯಿತು. ಇದೇ ಚಿತ್ರವನ್ನು ಮೊದಲು ನಮ್ಮ ಅಂತರ ಕಾಲೇಜು ಸ್ಪರ್ಧೆಯೊಂದಕ್ಕೆ ಕಳಿಸಿದ್ದರೆ ‘ಕೋಳಿ ಕದಿಯುವುದು ತಪ್ಪು’ ಎಂದು ಕಾರ್ಡು ಹಾಕಿಸುತ್ತಿದ್ದೆವು.

ಸಂದೇಶ ಬೇಕೆನ್ನುವವರೆಲ್ಲ ಕೆಟ್ಟವರಲ್ಲ. ಪ್ರಾಯೋಜಕರು ಕೇಳುತ್ತಾರೆ, ಪ್ರಾಂಶುಪಾಲರಿಗೆ ಪತ್ರಿಕೆಯಲ್ಲಿ ಫೋಟೊ ಬರಬೇಕು, ಯಾವುದೋ ಇಲಾಖೆ ಜಾಗೃತಿ ಮಾಸ ಆಚರಿಸಬೇಕು. ಅದಕ್ಕೆ ಜಾಹೀರಾತು ಸ್ಪರ್ಧೆ ಎಂದು ಬೇರೆಯಾಗಿ ನಡೆಸಲಿ, ಬೇಡವೆಂದವರಿಲ್ಲ. ಕಥಾಚಿತ್ರದ ಹೆಸರಿನಲ್ಲಿ ಬೇಡ.

ಇನ್ನು ಪ್ರಸ್ತಾಪಗಳು. ಒಂದನೆಯದು, ಮುಂದಿನ ಶೈಕ್ಷಣಿಕ ವರ್ಷದಿಂದ ಈ ಸಮ್ಮೇಳನದ ಸದಸ್ಯರು ತೀರ್ಪುಗಾರರಾಗುವ ಎಲ್ಲ ಕಡೆ ಅಂಕಪಟ್ಟಿಯಿಂದ ಸಂದೇಶದ ಕಾಲಂ ತೆಗೆಸಬೇಕು. ಆ ಜಾಗದಲ್ಲಿ ‘ಕಟ್ಟು’ ಬರಲಿ: ಚಿತ್ರ ಮೊದಲ ನಿಮಿಷದಲ್ಲಿ ಕೊಟ್ಟ ಮಾತೇನು, ಅದನ್ನು ಉಳಿಸಿಕೊಂಡಿತೆ, ಮುರಿದಿದ್ದರೆ ಬೇಕೆಂದೇ ಮುರಿಯಿತೆ. ತೆಗೆಯಲು ಒಪ್ಪದ ಕಡೆ ಹೋಗುವುದೇ ಬೇಡ. ಗೌರವಧನ ಹೋಗುತ್ತದೆ, ಹೋಗಲಿ.

ಎರಡನೆಯದು ತರಗತಿಯದು. ಎರಡನೇ ಸೆಮಿಸ್ಟರಿನಲ್ಲಿ ಮೂರು ನಿಮಿಷದ ಜಾನರ್ ಅಭ್ಯಾಸ ಕಡ್ಡಾಯವಾಗಬೇಕು. ಒಂದು ಸ್ಥಳ, ಇಬ್ಬರು ನಟರು, ಮಾತು ಇಲ್ಲ, ಸ್ಟಾಕ್ ಸಂಗೀತ ಇಲ್ಲ. ಶೂಟಿಂಗ್‌ಗೆ ಮೊದಲು ಒಂದು ಹಾಳೆಯಲ್ಲಿ ಮೂರೇ ಉತ್ತರ: ನೋಡುವವರು ಏನನ್ನು ನಿರೀಕ್ಷಿಸುತ್ತಾರೆ, ಯಾವ ಶಾಟಿನಿಂದ ನಿರೀಕ್ಷಿಸಲು ಶುರುಮಾಡುತ್ತಾರೆ, ಯಾವ ಶಾಟಿನಲ್ಲಿ ಅದು ತಲೆಕೆಳಗಾಗುತ್ತದೆ. ಮೂರನೆಯದಕ್ಕೆ ಉತ್ತರವಿಲ್ಲದವರಿಗೆ ಕ್ಯಾಮೆರಾ ಕೊಡಬಾರದು. ಸೌಂಡು ಓದುವವರು ಪ್ರತಿ ಲೊಕೇಶನ್ನಿನಲ್ಲೂ ಎಲ್ಲರನ್ನೂ ಸುಮ್ಮನಿರಿಸಿ ಒಂದು ನಿಮಿಷದ ಕೋಣೆ ಸದ್ದು ದಾಖಲಿಸಬೇಕು. ಹಾರರ್ ಅರ್ಧ ಹುಟ್ಟುವುದು ಫ್ಯಾನಿನ ಸದ್ದು ನಿಂತಾಗ, ಅದನ್ನು ನಿಲ್ಲಿಸಬೇಕಾದರೆ ಮೊದಲು ಇರಬೇಕಲ್ಲ.

ಮೂರನೆಯದನ್ನು ಆಸೆ ಎಂದರೂ ಸರಿ. ಒಂದು ಕಾಲದಲ್ಲಿ ಥಿಯೇಟರುಗಳಲ್ಲಿ ಮುಖ್ಯ ಸಿನಿಮಾಕ್ಕೆ ಮೊದಲು ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರ ಓಡುತ್ತಿತ್ತು. ಜನ ಕಡಲೆಕಾಯಿ ತಿನ್ನುತ್ತ ನೋಡುತ್ತಿದ್ದರು. ಅದೇ ಜಾಗದಲ್ಲಿ ವಾರಕ್ಕೊಂದು ವಿದ್ಯಾರ್ಥಿ ಕಿರುಚಿತ್ರ ಹಾಕಲು ಜಿಲ್ಲೆಗೊಂದು ಥಿಯೇಟರ್ ಒಪ್ಪಿದರೂ ಸಾಕು. ಸಹಪಾಠಿಗಳು ಚಪ್ಪಾಳೆ ಹೊಡೆಯುತ್ತಾರೆ, ತೀರ್ಪುಗಾರರು ಸಂದೇಶ ಕೇಳುತ್ತಾರೆ. ಟಿಕೆಟ್ ಕೊಂಡವರು ಎರಡೂ ಮಾಡುವುದಿಲ್ಲ, ಬೇಸರವಾದರೆ ಶಿಳ್ಳೆ ಹೊಡೆಯುತ್ತಾರೆ. ಆ ಶಿಳ್ಳೆ ಎಲ್ಲಿ ಬಿತ್ತೆಂದು ಗುರುತು ಹಾಕಿಕೊಂಡ ಹುಡುಗನಿಗೆ ಎಡಿಟಿಂಗ್ ಬೇರೆ ಕಲಿಸಬೇಕಿಲ್ಲ. ಯಾವ ಮಾಲೀಕರು ಒಪ್ಪುತ್ತಾರೋ ಗೊತ್ತಿಲ್ಲ, ಕೇಳಲು ಒಂದು ಸಮಿತಿ ಮಾಡಿ.

ಅಂಕಪಟ್ಟಿಯ ಕರಡನ್ನು ನಿಮ್ಮ ಫೈಲಿನಲ್ಲಿ ಇಡಲಾಗಿದೆ. ತಿದ್ದುಪಡಿ ಇದ್ದವರು ಮಧ್ಯಾಹ್ನದ ಊಟದೊಳಗೆ ಕಾರ್ಯದರ್ಶಿಗಳಿಗೆ ಬರೆದು ಕೊಡಿ. ಮೂರು ಗಂಟೆಯ ಗೋಷ್ಠಿಯಲ್ಲಿ ಕೈ ಎತ್ತಿಸಿ ಮತಕ್ಕೆ ಹಾಕಲಾಗುವುದು.