ಮೆಸ್ ಪುಸ್ತಕದಲ್ಲಿ ಕಾಣದ ಖಾತೆ

(ಜುಬೈಲ್‌ನಲ್ಲಿ ನಡೆದ ನಮ್ಮ ಆರೋಗ್ಯ ತಪಾಸಣಾ ಶಿಬಿರದಲ್ಲಿ ಮಾಡಿದ ಮಾತಿನ ಬರಹ ರೂಪ)

 

ಡಾಕ್ಟರ್ ಮಾತಾಡುವ ಜಾಗದಲ್ಲಿ ಒಬ್ಬ ಅಕೌಂಟೆಂಟನ್ನು ನಿಲ್ಲಿಸಿದ್ದಾರೆ. ನಾನು ಓದಿದ್ದು ಬಿ.ಕಾಂ. ನಿಮಗೆ ಮದ್ದು ಹೇಳುವ ಯೋಗ್ಯತೆ ನನಗಿಲ್ಲ, ಹೇಳುವುದೂ ಇಲ್ಲ. ನನಗೆ ಗೊತ್ತಿರುವುದು ಲೆಕ್ಕ ಒಂದೇ. ಹಾಗಾಗಿ ಒಂದು ಲೆಕ್ಕದ ಕಥೆ ಹೇಳುತ್ತೇನೆ. ಡಾಕ್ಟರ್ ಪಕ್ಕದ ಮೇಜಿನಲ್ಲಿ ಕೂತಿದ್ದಾರೆ, ತಪ್ಪಿದ್ದರೆ ಅಲ್ಲಿಂದಲೇ ತಿದ್ದಲಿ.

ಈ ದೇಶಕ್ಕೆ ಬಂದಾಗ ನನ್ನ ತೂಕ 64 ಕಿಲೋ. ಎತ್ತರ 168 ಸೆಂಟಿಮೀಟರ್. ಹೋದ ವರ್ಷ ತೂಕದ ಯಂತ್ರದ ಮೇಲೆ ನಿಂತಾಗ 91. ಅದು ನನಗೆ ಆಶ್ಚರ್ಯ ಆಗಲಿಲ್ಲ, ಪ್ಯಾಂಟಿನ ಸೊಂಟ ಮೊದಲೇ ಹೇಳಿತ್ತು. ಆಶ್ಚರ್ಯ ಆದದ್ದು ರಕ್ತದ ರಿಪೋರ್ಟ್ ನೋಡಿ. ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ, ಮಧ್ಯಾಹ್ನ ಆಫೀಸಿನಲ್ಲಿ ಕಣ್ಣು ಮುಚ್ಚಿ ಹೋಗುತ್ತದೆ ಎಂದು ಹೋಗಿದ್ದೆ. ಡಾಕ್ಟರ್ ಹೇಳಿದರು, "ನಿಮಗೆ ಕಬ್ಬಿಣ ಕಮ್ಮಿ ಉಂಟು." ನಾನು ನಕ್ಕೆ. ರಕ್ತ ಕಮ್ಮಿ ಎನ್ನುವುದು ಬಡಕಲು ಶರೀರದವರಿಗೆ, ಬಸುರಿ ಹೆಂಗಸರಿಗೆ ಬರುವಂಥದ್ದು ಎಂದು ನನ್ನ ತಲೆಯಲ್ಲಿತ್ತು. ವಾರಕ್ಕೆ ಎರಡು ಸಲ ಬಿರಿಯಾನಿ ತಿನ್ನುವ ಮನುಷ್ಯನಿಗೆ ಎಂತದ್ದು ಕಮ್ಮಿ ಮಾರಾಯ್ರೆ?

ಗಂಡಸರಿಗೆ ಕಬ್ಬಿಣ ಕಮ್ಮಿ ಆದರೆ ಮೊದಲು ಹೊಟ್ಟೆಯಲ್ಲೋ ಕರುಳಿನಲ್ಲೋ ರಕ್ತ ಸೋರುತ್ತಿದೆಯಾ ಎಂದು ನೋಡಬೇಕಂತೆ. ಮೂಲವ್ಯಾಧಿ, ಅಲ್ಸರ್ ಹೀಗೆ. ಇದನ್ನು ಯಾರೂ ಮರೆಯಬೇಡಿ, ಮೆಡಿಕಲ್‌ನಿಂದ ಮಾತ್ರೆ ತಂದು ನುಂಗಿ ಸುಮ್ಮನಾಗಬೇಡಿ. ನನಗೆ ಪರೀಕ್ಷೆ ಮಾಡಿ ಅಂಥದ್ದು ಏನೂ ಇಲ್ಲ ಅಂದರು. ಆಮೇಲೆ ಕೇಳಿದ ಪ್ರಶ್ನೆ: "ದಿನಾ ಏನು ತಿನ್ನುತ್ತೀರಿ?" ಬಾಯಿಗೆ ಬಂದದ್ದು ಹೇಳಿದೆ. ರೂಮಿಗೆ ಬಂದ ಮೇಲೆ ಹೊಳೆಯಿತು, ಊಹೆಯಲ್ಲಿ ಯಾಕೆ ಹೇಳಬೇಕು? ಮೆಸ್ ಪುಸ್ತಕ ಬರೆಯುವವನು ನಾನೇ ಅಲ್ಲವಾ!

ನಾವು ರೂಮಿನಲ್ಲಿ ಏಳು ಮಂದಿ. ತಿಂಗಳ ಕೊನೆಗೆ ಒಟ್ಟು ಖರ್ಚನ್ನು ಏಳರಿಂದ ಭಾಗಿಸಿ ಇಷ್ಟು ರಿಯಾಲ್ ಎಂದು ಹೇಳಿ ಪುಸ್ತಕ ಮುಚ್ಚುವುದು ವಾಡಿಕೆ. ಆ ರಾತ್ರಿ ಮೊದಲ ಸಲ ರಿಯಾಲ್ ಬಿಟ್ಟು ಕಿಲೋ ಲೆಕ್ಕ ಹಾಕಿದೆ. ಏಳು ಜನ, 30 ದಿನ, ಅಂದರೆ 210 ಊಟದ ದಿನಗಳು. ಎಣ್ಣೆ 15 ಲೀಟರ್. ಭಾಗಿಸಿದರೆ ಒಬ್ಬರಿಗೆ ದಿನಕ್ಕೆ 71 ಮಿಲಿ, ಅದರಿಂದಲೇ ಸುಮಾರು 600 ಕ್ಯಾಲೊರಿ. ಸಕ್ಕರೆ 14 ಕಿಲೋ, ಒಬ್ಬರಿಗೆ ದಿನಕ್ಕೆ 67 ಗ್ರಾಂ. ಕೋಲಾ ಬೇರೆ, ಅದರ ಒಂದು 330 ಮಿಲಿ ಕ್ಯಾನಿನಲ್ಲಿ 35 ಗ್ರಾಂ ಆಸುಪಾಸು ಸಕ್ಕರೆ. ಉಪ್ಪು 3 ಕಿಲೋ, ಒಬ್ಬರಿಗೆ ದಿನಕ್ಕೆ 14 ಗ್ರಾಂ. ಎಲ್ಲವೂ ಹೊಟ್ಟೆಗೆ ಹೋಗುವುದಿಲ್ಲ, ಅನ್ನ ಬಸಿದ ನೀರಿನಲ್ಲಿ ಸ್ವಲ್ಪ ಹೋಗುತ್ತದೆ. ಆದರೆ ಉಪ್ಪಿನಕಾಯಿ, ಚಿಪ್ಸ್, ಹೋಟೆಲಿನ ಬ್ರೋಸ್ಟ್ ಈ ಲೆಕ್ಕದಲ್ಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂ ಉಪ್ಪಿಗಿಂತ ಕಮ್ಮಿ ಎಂದು.

ತರಕಾರಿ ಪುಟದಲ್ಲಿ ಈರುಳ್ಳಿ, ಟೊಮೆಟೊ, ಬಟಾಟೆ. ಸೊಪ್ಪು? ಕೊತ್ತಂಬರಿ ಬಿಟ್ಟರೆ ಸೊನ್ನೆ. ಬೇಳೆ ಎರಡು ಕಿಲೋ, ಏಳು ಜನಕ್ಕೆ, ಇಡೀ ತಿಂಗಳಿಗೆ.

ಇದರಲ್ಲಿ ಖನಿಜದ ಮಾತು ಎಲ್ಲಿ ಬಂತು ಎಂದು ಕೇಳುತ್ತೀರಿ. ಕ್ಯಾಲೊರಿ ಎಂದರೆ ಶಕ್ತಿ, ಅದು ಹೆಚ್ಚಾದರೆ ಕೊಬ್ಬಾಗಿ ಜಮೆ ಆಗುತ್ತದೆ. ಕ್ಯಾಲ್ಸಿಯಂ, ಮೆಗ್ನೀಸಿಯಂ, ಪೊಟ್ಯಾಸಿಯಂ, ಕಬ್ಬಿಣ, ಸತು, ಇವು ಖನಿಜಗಳು. ಇವುಗಳಲ್ಲಿ ಕ್ಯಾಲೊರಿ ಇಲ್ಲ, ಆದರೆ ತಿಂದದ್ದನ್ನು ಶಕ್ತಿ ಮಾಡುವುದಕ್ಕೆ, ಸ್ನಾಯು ಆಡುವುದಕ್ಕೆ, ಇನ್ಸುಲಿನ್ ಕೆಲಸ ಮಾಡುವುದಕ್ಕೆ ಇವು ಬೇಕೇ ಬೇಕು. ಎರಡೂ ಬೇರೆ ಬೇರೆ ಖಾತೆ. ಒಂದರಲ್ಲಿ ಹಣ ತುಂಬಿ ತುಳುಕಬಹುದು, ಇನ್ನೊಂದು ಓವರ್‌ಡ್ರಾಫ್ಟ್‌ನಲ್ಲಿ ಇರಬಹುದು. ಒಂದೇ ಮನುಷ್ಯನ ಹೆಸರಿನಲ್ಲಿ!

ಕುಬೂಸಿನ ಉದಾಹರಣೆ ನೋಡಿ. ಗೋಧಿಯ ಹೊಟ್ಟು ಮತ್ತು ಮೊಳಕೆಯ ಭಾಗ ತೆಗೆದರೆ ಮೈದಾ. ಖನಿಜ ಹೆಚ್ಚಾಗಿ ಇರುವುದೇ ತೆಗೆದು ಹಾಕಿದ ಆ ಭಾಗದಲ್ಲಿ. 100 ಗ್ರಾಂ ಇಡಿ ಗೋಧಿ ಹಿಟ್ಟಿನಲ್ಲಿ ಮೆಗ್ನೀಸಿಯಂ 130 ಮಿಲಿಗ್ರಾಂ ಆಸುಪಾಸು ಇದ್ದರೆ ಮೈದಾದಲ್ಲಿ 20ರಿಂದ 30 ಮಾತ್ರ. ದಿನಕ್ಕೆ ಮೂರು ದೊಡ್ಡ ಕುಬೂಸಿಗೆ 200 ಗ್ರಾಂ ಹಿಟ್ಟು ಎಂದು ಹಿಡಿಯೋಣ. ಬಿಳಿ ಕುಬೂಸಿನಲ್ಲಿ ನನಗೆ ಸಿಗುವುದು ಸುಮಾರು 50 ಮಿಲಿಗ್ರಾಂ, ಇಡಿ ಗೋಧಿಯದ್ದಾದರೆ ಸುಮಾರು 260. ಗಂಡಸಿಗೆ ದಿನಕ್ಕೆ ಬೇಕಾದದ್ದು 400 ಚಿಲ್ಲರೆ. ಕ್ಯಾಲೊರಿ ಎರಡರಲ್ಲೂ ಹೆಚ್ಚು ಕಡಿಮೆ ಒಂದೇ. ಇಲ್ಲಿ ಕಂದು ಬಣ್ಣದ ಕುಬೂಸ್ ಅದೇ ಬಕಾಲೆಯಲ್ಲಿ, ಅದೇ ಕಪಾಟಿನಲ್ಲಿ ಉಂಟು. ನಾವು ಕೈ ಹಾಕುವುದಿಲ್ಲ ಅಷ್ಟೆ.

ಕಬ್ಬಿಣದ್ದು ಇನ್ನೂ ವಿಚಿತ್ರ. ನಮ್ಮ ಲಿವರ್ ಹೆಪ್ಸಿಡಿನ್ ಎಂಬ ಹಾರ್ಮೋನು ತಯಾರಿಸುತ್ತದೆ. ಅದು ಕರುಳಿನ ಬಾಗಿಲಲ್ಲಿ ನಿಂತ ವಾಚ್‌ಮ್ಯಾನ್ ಇದ್ದ ಹಾಗೆ, ಅದು ಹೆಚ್ಚಾದರೆ ಕಬ್ಬಿಣವನ್ನು ಒಳಗೆ ಬಿಡುವುದಿಲ್ಲ. ಮೈಯಲ್ಲಿ ಕೊಬ್ಬು ಜಾಸ್ತಿ ಆದಾಗ ಸಣ್ಣ ಮಟ್ಟದ ಉರಿಯೂತ ಸದಾ ಇರುತ್ತದೆ, ಅದು ಹೆಪ್ಸಿಡಿನ್ ಅನ್ನು ಏರಿಸುತ್ತದೆ. ಅಂದರೆ ದಪ್ಪ ಇರುವವನು ತಿಂದ ಕಬ್ಬಿಣ ಕೂಡ ಪೂರ್ತಿ ಅವನಿಗೆ ದಕ್ಕುವುದಿಲ್ಲ. ಅದರ ಮೇಲೆ ನಮ್ಮ ಅಭ್ಯಾಸ ನೋಡಿ, ಊಟ ಮುಗಿದ ಕೂಡಲೇ ಸುಲೈಮಾನಿ. ಚಹಾದ ಒಗರು ಊಟದಲ್ಲಿನ ಕಬ್ಬಿಣವನ್ನು ಹಿಡಿದು ಹಾಕುತ್ತದೆ. ನಿಂಬೆ ಹಿಂಡಿದರೆ ಸ್ವಲ್ಪ ಸಹಾಯ, ಆದರೆ ಒಂದು ಗಂಟೆ ತಡೆದು ಕುಡಿದರೆ ಹೆಚ್ಚು ಒಳ್ಳೆಯದು. ಇದೊಂದನ್ನು ನಮ್ಮ ರೂಮಿನಲ್ಲಿ ಜಾರಿಗೆ ತರುವುದಕ್ಕೆ ಬಜೆಟ್ ಪಾಸ್ ಮಾಡಿಸುವುದಕ್ಕಿಂತ ಕಷ್ಟ ಆಯ್ತು.

ಊರಿನಲ್ಲಿರುವ ನಮ್ಮ ಹೆಂಗಸರ ವಿಷಯಕ್ಕೂ ಇದು ಸೇರುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಭಾರತದ 15ರಿಂದ 49 ವರ್ಷದ ಹೆಂಗಸರಲ್ಲಿ 57 ಶೇಕಡಾ ಮಂದಿಗೆ ರಕ್ತಹೀನತೆ, 24 ಶೇಕಡಾ ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು. ಇವರು ಬೇರೆ ಅವರು ಬೇರೆ ಎಂದು ತಿಳಿಯಬೇಡಿ, ಒಂದೇ ಮನೆಯಲ್ಲಿ, ಕೆಲವು ಸಲ ಒಬ್ಬಳೇ ಹೆಂಗಸಿನಲ್ಲಿ ಎರಡೂ ಇರುತ್ತವೆ. "ಅವಳಿಗೆ ಎಂತ ಆಗಿದೆ, ಗುಂಡು ಗುಂಡಾಗಿ ಇದ್ದಾಳೆ" ಎಂದು ಫೋನಿನಲ್ಲಿ ಹೇಳುವವರಲ್ಲಿ ನಾನೂ ಒಬ್ಬ ಇದ್ದೆ. ಸುಸ್ತು ಎಂದು ಹೆಂಡತಿ ಹೇಳಿದಾಗಲೆಲ್ಲ ಕೆಲಸ ಮಾಡದ್ದಕ್ಕೆ ಎಂದುಕೊಂಡಿದ್ದೆ. ನನ್ನ ರಿಪೋರ್ಟ್ ಬಂದ ಮೇಲೆ ಅವಳಿಗೂ ಪರೀಕ್ಷೆ ಮಾಡಿಸಿದೆವು. ನನಗಿಂತ ಕಮ್ಮಿ ಇತ್ತು. ಆ ದಿನ ಫೋನಿನಲ್ಲಿ ನನಗೆ ಮಾತು ಬರಲಿಲ್ಲ.

ಇನ್ನು ಉಪ್ಪು. ಉಪ್ಪಿನಲ್ಲಿ ಕ್ಯಾಲೊರಿ ಇಲ್ಲ, ಅದಕ್ಕೂ ಬೊಜ್ಜಿಗೂ ಏನು ಸಂಬಂಧ? ಉಪ್ಪು ಹೆಚ್ಚಾದರೆ ಬಾಯಾರಿಕೆ, ಬಾಯಾರಿಕೆಗೆ ನಾವು ತೆರೆಯುವುದು ಕೋಲಾ. ಲಂಡನ್ನಿನ ಕ್ವೀನ್ ಮೇರಿ ವಿಶ್ವವಿದ್ಯಾಲಯದ ಸಂಶೋಧಕರು 2015ರಲ್ಲಿ ಬ್ರಿಟನ್ನಿನ ಜನರ ಮಾಹಿತಿ ನೋಡಿ, ದಿನಕ್ಕೆ 1 ಗ್ರಾಂ ಉಪ್ಪು ಹೆಚ್ಚಾದಲ್ಲಿ ದೊಡ್ಡವರಲ್ಲಿ ಬೊಜ್ಜಿನ ಸಾಧ್ಯತೆ 26 ಶೇಕಡಾ ಹೆಚ್ಚು ಕಾಣುತ್ತದೆ ಎಂದು ಬರೆದರು. ಆದರೆ ಎರಡು ಅಂಕೆ ಒಟ್ಟಿಗೆ ಏರಿದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣ ಎಂದು ಆಡಿಟರ್ ಕೂಡ ಬರೆಯುವುದಿಲ್ಲ. ರಕ್ತದೊತ್ತಡದ ವಿಷಯದಲ್ಲಿ ಮಾತ್ರ ಸಂಶಯವೇ ಇಲ್ಲ, ಉಪ್ಪು ಏರಿದರೆ ಒತ್ತಡ ಏರುತ್ತದೆ, ಪೊಟ್ಯಾಸಿಯಂ ಅದನ್ನು ಇಳಿಸಲು ಸಹಾಯ ಮಾಡುತ್ತದೆ. ದಿನಕ್ಕೆ ಕನಿಷ್ಠ 3510 ಮಿಲಿಗ್ರಾಂ ಪೊಟ್ಯಾಸಿಯಂ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ಬಾಳೆಹಣ್ಣು, ಬೇಳೆ, ಕಡಲೆ, ಸೊಪ್ಪು, ಮೊಸರು, ಊರಿನ ಬೊಂಡ ಇವುಗಳಿಂದ ಬರಬೇಕು. ಖರ್ಜೂರದಲ್ಲೂ ಚೆನ್ನಾಗಿ ಉಂಟು, ಆದರೆ ಅದರ ತೂಕದ ಅರ್ಧಕ್ಕಿಂತ ಹೆಚ್ಚು ಸಕ್ಕರೆ. ಇಫ್ತಾರಿಗೆ ಮೂರು ಸಾಕು, ಡಬ್ಬ ಬೇಡ.

ಬಿಸಿಲಿನಲ್ಲಿ ಸೈಟಿನಲ್ಲಿ ಕೆಲಸ ಮಾಡುವವರು ಇದನ್ನು ಕೇಳಿ ಉಪ್ಪನ್ನೇ ಬಿಟ್ಟುಬಿಡಬೇಡಿ. ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12ರಿಂದ 3ರ ತನಕ ಹೊರಗಿನ ಕೆಲಸ ನಿಲ್ಲಿಸಬೇಕೆಂದು ಇಲ್ಲಿ ಕಾನೂನು ಇರುವುದು ಸುಮ್ಮನೆ ಅಲ್ಲ. ಬೆವರಿನಲ್ಲಿ ಹೋಗುವುದು ಮುಖ್ಯವಾಗಿ ಸೋಡಿಯಂ. ನನ್ನ ಮಾತು ಏಸಿ ಕೆಳಗೆ ಕೂತು ಸೈಟಿನವರಷ್ಟೇ ಉಪ್ಪು ತಿನ್ನುವ ನನ್ನಂಥವರಿಗೆ.

ಹಾಗಾದರೆ ಖನಿಜದ ಮಾತ್ರೆ ನುಂಗಿದರೆ ಹೊಟ್ಟೆ ಇಳಿಯುತ್ತದಾ? ನಾನೂ ಕೇಳಿದ್ದೆ. ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯದ ಮೈಕೆಲ್ ಝೆಮೆಲ್ ಎಂಬವರು 2000ದ ಹೊತ್ತಿಗೆ ಕ್ಯಾಲ್ಸಿಯಂ ಕೊಬ್ಬನ್ನು ಕರಗಿಸಲು ಸಹಾಯ ಮಾಡುತ್ತದೆ ಎಂದು ಹೇಳಿದರು. ಹಾಲಿನ ಉದ್ಯಮ ಅದನ್ನೇ ಹಿಡಿದು ಜಾಹೀರಾತು ಮಾಡಿತು. ಆಮೇಲಿನ ಪರೀಕ್ಷೆಗಳಲ್ಲಿ ಅಷ್ಟು ಫಲ ಕಾಣಲಿಲ್ಲ, 2007ರಲ್ಲಿ ತೂಕ ಇಳಿಸುವ ಆ ಜಾಹೀರಾತು ನಿಲ್ಲಿಸಬೇಕಾಯಿತು. ಕ್ರೋಮಿಯಂ ಮಾತ್ರೆಯದ್ದೂ ಅದೇ ಕಥೆ. 2013ರಲ್ಲಿ ಕೊಕ್ರೇನ್‌ನವರು ಎಲ್ಲ ಪರೀಕ್ಷೆ ಒಟ್ಟು ಮಾಡಿ ನೋಡಿದಾಗ ಕಂಡದ್ದು ಸುಮಾರು ಒಂದು ಕಿಲೋ ವ್ಯತ್ಯಾಸ, ಅದನ್ನೂ ಗಟ್ಟಿಯಾಗಿ ನಂಬುವ ಹಾಗಿಲ್ಲ ಎಂದರು. ವಾಟ್ಸಪ್‌ನಲ್ಲಿ ಬರುವ ಡಬ್ಬಗಳಿಗೆ ನೀವು ಕೊಡುವ ನೂರೈವತ್ತು ರಿಯಾಲಿನಲ್ಲಿ ಎಷ್ಟು ಬೂತಾಯಿ ಬರುತ್ತದೆ ಲೆಕ್ಕ ಹಾಕಿ! ಮುಳ್ಳು ಸಮೇತ ತಿಂದರೆ ಅದೇ ಕ್ಯಾಲ್ಸಿಯಂ. ಇನ್ನೊಂದು, ಅಂಗಡಿಯಲ್ಲಿ ಸೋಡಿಯಂ ಕಮ್ಮಿ ಇರುವ ಉಪ್ಪು ಸಿಗುತ್ತದೆ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಕಿಡ್ನಿ ತೊಂದರೆ ಇದ್ದವರಿಗೆ, ಕೆಲವು ಬಿಪಿ ಮಾತ್ರೆ ತೆಗೆದುಕೊಳ್ಳುವವರಿಗೆ ಅದು ಅಪಾಯ. ಡಾಕ್ಟರನ್ನು ಕೇಳದೆ ತರಬೇಡಿ.

ನಮ್ಮ ರೂಮಿನಲ್ಲಿ ಮಾಡಿದ್ದು ದೊಡ್ಡದೇನಲ್ಲ. ಸಂಜೆಯ ಕೋಲಾದ ಬದಲು ಲಬನ್. ವಾರಕ್ಕೆ ಮೂರು ದಿನ ಕಡಲೆ ಅಥವಾ ಹೆಸರು. ಇಲ್ಲಿ ಬಕ್ಲಾ ಎಂದು ಕಟ್ಟು ಕಟ್ಟಿ ಮಾರುವ ಸೊಪ್ಪು ನೋಡಿದ್ದೀರಲ್ಲ, ಅದು ನಮ್ಮೂರ ಗೋಣಿ ಸೊಪ್ಪೇ. ಊರಲ್ಲಿ ಉಮ್ಮ ಮಾಡಿದರೆ ಮೂಗು ಮುರಿಯುತ್ತಿದ್ದೆವು, ಇಲ್ಲಿ ಹಣ ಕೊಟ್ಟು ತಂದು ತೆಂಗಿನಕಾಯಿ ಹಾಕಿ ಪಲ್ಯ ಮಾಡುತ್ತೇವೆ. ಎಣ್ಣೆಯ ಡಬ್ಬದ ಮೇಲೆ ಪೆನ್ನಿನಲ್ಲಿ ಗೆರೆ ಎಳೆದಿದ್ದೇನೆ, ವಾರಕ್ಕೆ ಇಷ್ಟು ಎಂದು. ಅಡುಗೆ ಸರದಿಯವನು ಗೆರೆ ದಾಟಿದರೆ ಮುಂದಿನ ವಾರ ಪಾತ್ರೆ ತೊಳೆಯುವುದೂ ಅವನೇ.

ನನ್ನ ತೂಕ ಈಗ 84. ಡಾಕ್ಟರ್ ಕೊಟ್ಟ ಕಬ್ಬಿಣದ ಮಾತ್ರೆ ಮುಗಿದಿದೆ, ರಕ್ತ ಸರಿ ಆಗಿದೆ. 84 ಅಂದರೆ ಇನ್ನೂ ಬೊಜ್ಜೇ, ಯಾರೂ ಚಪ್ಪಾಳೆ ತಟ್ಟಬೇಡಿ.

ಅಲ್ಲಿ ಮೇಜಿನಲ್ಲಿ ಬಿಪಿ ಯಂತ್ರ, ತೂಕದ ಯಂತ್ರ ಉಂಟು. ಸೊಂಟ ಅಳೆಯುವ ಟೇಪು ನನ್ನ ಹತ್ತಿರ. ನಮ್ಮ ದೇಶದ ಗಂಡಸರಿಗೆ 90 ಸೆಂಟಿಮೀಟರ್, ಹೆಂಗಸರಿಗೆ 80, ಅದಕ್ಕಿಂತ ಮೇಲೆ ಹೋದರೆ ಅಪಾಯದ ಗೆರೆ. ಹೆಂಗಸರಿಗೆ ಒಳಗಿನ ಕೋಣೆಯಲ್ಲಿ ನರ್ಸ್ ಇದ್ದಾರೆ. ಮೆಸ್ ಪುಸ್ತಕ ಇರುವ ರೂಮಿನವರು ಮುಂದಿನ ತಿಂಗಳು ಅದನ್ನೂ ತನ್ನಿ, ಕೂತು ಒಟ್ಟಿಗೆ ಕಿಲೋ ಲೆಕ್ಕ ಹಾಕೋಣ. ಈಗ ಚಹಾ ಉಂಟು, ಸಕ್ಕರೆ ಬೇರೆ ಇಟ್ಟಿದ್ದಾರೆ.