ಇಲ್ಲ ಎಂಬುದೂ ಕಾಣಲಿಲ್ಲ ಎಂಬುದೂ



ಮದರಾಸಿನಲ್ಲಿ ಕಸುಬು ಮಾಡುವ ನಾವು ಕನ್ನಡದ ಡಾಕ್ಟರುಗಳು ಒಂದು ಕಡೆ ಸೇರುವುದು ಹೆಚ್ಚಾಗಿ ರಾಜ್ಯೋತ್ಸವಕ್ಕೆ, ಇಲ್ಲವೇ ಯಾರದೋ ಮನೆಯ ಮದುವೆಗೆ. ಅಲ್ಟ್ರಾಸೌಂಡ್ ಬಗ್ಗೆ ಇಡೀ ಒಂದು ದಿನ ಕನ್ನಡದಲ್ಲೇ ಮಾತಾಡೋಣ ಎಂದು ಪಣ ತೊಟ್ಟ ಕಿರಿಯರಿಗೆ ಮೊದಲು ಕೈಮುಗಿಯುತ್ತೇನೆ. ಕನ್ನಡ ಪೂರ್ತಿ ಅರ್ಥವಾಗದಿದ್ದರೂ ಸ್ನೇಹಕ್ಕಾಗಿ ಬಂದು ಹಿಂದಿನ ಸಾಲುಗಳಲ್ಲಿ ಕುಳಿತಿರುವ ತಮಿಳು ಸಹೋದ್ಯೋಗಿಗಳಿಗೂ ವಂದನೆ. ನಮಗೆ ಅನ್ನ ಕೊಟ್ಟ ಊರು ಇದು. ಮದ್ರಾಸ್ ಮೆಡಿಕಲ್ ಕಾಲೇಜಿನಲ್ಲಿ ಬರ್ನಾರ್ಡ್ ವಿಕಿರಣ ಸಂಸ್ಥೆ 1934ರಲ್ಲೇ ಬಾಗಿಲು ತೆರೆದಿತ್ತು. ಒಡಲೊಳಗನ್ನು ನೋಡುವ ವಿದ್ಯೆಗೆ ದಕ್ಷಿಣ ಭಾರತದಲ್ಲಿ ಇಷ್ಟು ಹಳೆಯ ಮನೆತನ ಇರುವ ಊರುಗಳು ಕಡಿಮೆ.

ಇವತ್ತು ಬೆಳಗ್ಗೆ ಎಲಿಯಟ್ಸ್ ಬೀಚಿನಲ್ಲಿ, ಡೇನಿಷ್ ನಾವಿಕ ಸ್ಮಿಟ್‌ನ ಸ್ಮಾರಕದ ಹತ್ತಿರ ಮರಳಿನ ಮೇಲೆ ಕುಳಿತು ಈ ಭಾಷಣದ ಟಿಪ್ಪಣಿಯಲ್ಲಿ ಅರ್ಧಕ್ಕರ್ಧ ಹೊಡೆದುಹಾಕಿದೆ. ಹೊಡೆದುಹಾಕಿದ್ದು ಈ ಕ್ಷೇತ್ರದಲ್ಲಿ ಯಾರು ಯಾವಾಗ ಏನು ಕಂಡುಕೊಂಡರು ಎಂಬ ಸಮೀಕ್ಷೆ. ಆ ಕೆಲಸ ಮಾಡಿದವರು, ಮಾಡುತ್ತಿರುವವರು ಇಲ್ಲಿಯೇ ಇದ್ದಾರೆ. ಹೃದಯದ ಎಕೋ ಬಗ್ಗೆ ಮುಂದಿನ ಸಾಲಿನಲ್ಲಿರುವ ನಮ್ಮ ಹೃದ್ರೋಗ ತಜ್ಞರು ಹೇಳುತ್ತಾರೆ. ಶ್ವಾಸಕೋಶದ ಮಾತು ಮಧ್ಯಾಹ್ನ ತುರ್ತು ಚಿಕಿತ್ಸೆಯವರದು. ನಾವು ಓದುವಾಗ ಶ್ವಾಸಕೋಶ ಅಲ್ಟ್ರಾಸೌಂಡಿಗೆ ನಿಷಿದ್ಧ ನೆಲ. ಗಾಳಿಗೆ ತಾಗಿದ ಅಲೆ ಹೆಚ್ಚುಕಡಿಮೆ ಪೂರ್ತಿ ಹಿಂತಿರುಗಿಬಿಡುತ್ತದೆ, ಅದರಾಚೆ ಏನೂ ಕಾಣದು. ಪ್ಯಾರಿಸಿನ ವೈದ್ಯ ಲಿಕ್ಟನ್‌ಸ್ಟೈನ್ ಆ ಗಾಳಿ ಎಬ್ಬಿಸುವ ಸುಳ್ಳು ಗೆರೆಗಳನ್ನೇ ಓದಲು ಕಲಿಸಿದರು. ಇವತ್ತು ಐಸಿಯುನಲ್ಲಿ ಉಸಿರು ಕಟ್ಟಿ ಮಲಗಿದವನ ಎದೆಯ ಮೇಲೆ ಪ್ರೋಬ್ ಇಟ್ಟು, ನೀರು ತುಂಬಿದೆಯೋ ಗಾಳಿ ಸೋರಿದೆಯೋ ಎಂದು ನಿಮಿಷಗಳಲ್ಲಿ ಹೇಳುತ್ತಾರೆ. ನನ್ನ ಕಾಲದ ಪಠ್ಯಪುಸ್ತಕವನ್ನು ಅವರು ಸುಳ್ಳಾಗಿಸಿದ್ದಾರೆ. ಅದು ನನಗೆ ಸಂತೋಷದ ಸಂಗತಿ.

ಇನ್ನು ನನ್ನ ಮಾತು. ಇದನ್ನು ನನ್ನಿಂದ ಮುಂಚೆಯೂ ಕೇಳಿದವರು ಇಲ್ಲಿದ್ದೀರಿ, ಸಹಿಸಿಕೊಳ್ಳಿ. ನಮ್ಮ ವಿದ್ಯೆ ಎಡವಿದ್ದು ಯಂತ್ರದ ವಿಷಯದಲ್ಲಿ ಎಂದು ನಾನು ಒಪ್ಪುವುದಿಲ್ಲ. ಎಡವಿದ್ದು ಬರವಣಿಗೆಯಲ್ಲಿ. ಕನ್ನಡದಲ್ಲಿ ಎರಡು ಮಾತುಗಳಿವೆ: ‘ಇಲ್ಲ’ ಮತ್ತು ‘ಕಾಣಲಿಲ್ಲ’. ಕಳೆದುಹೋದ ಕರುವನ್ನು ಹುಡುಕಲು ಹೋದ ಹುಡುಗ ವಾಪಸು ಬಂದು ‘ಕೆರೆ ಕಡೆ ಇಲ್ಲ’ ಎಂದರೆ ನಮ್ಮಮ್ಮ, ‘ಇಲ್ಲವೋ, ನಿನಗೆ ಕಾಣಲಿಲ್ಲವೋ?’ ಎಂದು ಕೇಳುತ್ತಿದ್ದಳು. ನಲವತ್ತು ವರ್ಷ ಸ್ಕ್ಯಾನ್ ಮಾಡಿದ ಮೇಲೂ ಅಷ್ಟು ಸ್ಪಷ್ಟವಾದ ಪ್ರಶ್ನೆಯನ್ನು ನಾನು ಯಾವ ಸಮ್ಮೇಳನದಲ್ಲೂ ಕೇಳಿಲ್ಲ. ನಮ್ಮ ರಿಪೋರ್ಟುಗಳಲ್ಲಿ ಈ ಎರಡು ಮಾತುಗಳೂ ಕರಗಿ ಒಂದೇ ಪದ ಉಳಿದಿದೆ: ‘ನಾರ್ಮಲ್’.

1990ರ ದಶಕದ ಮೊದಲ ವರ್ಷಗಳು. ಹೊಸೂರಿನ ಆಚೆಯ ಹಳ್ಳಿಯಿಂದ, ಮನೆಮಾತು ಕನ್ನಡವಾಗಿದ್ದ ಒಬ್ಬ ಚೊಚ್ಚಲ ಬಸುರಿ ಬಂದಳು. ಐದನೆಯ ತಿಂಗಳು. ಮಗುವಿನ ಹೃದಯದ ನಾಲ್ಕು ಕೋಣೆಗಳನ್ನು ನೋಡಿದೆ. ನಾಲ್ಕೂ ಚೆನ್ನಾಗಿದ್ದವು. ‘ಹೃದಯ: ನಾರ್ಮಲ್’ ಎಂದು ಬರೆದೆ. ಅವಳು ಊರಿಗೆ ಹೋಗಿ ಹೆತ್ತಳು. ಹುಟ್ಟಿದ ಮಗು ನೀಲಿಗಟ್ಟಿತು. ಹೃದಯದಿಂದ ಹೊರಡುವ ಎರಡು ದೊಡ್ಡ ರಕ್ತನಾಳಗಳು ಅದಲು ಬದಲಾಗಿದ್ದವು. ಈ ದೋಷದಲ್ಲಿ ನಾಲ್ಕು ಕೋಣೆಗಳ ನೋಟ ಬಹುತೇಕ ಸರಿಯಾಗಿಯೇ ಕಾಣುತ್ತದೆ. ನಾಳಗಳು ಹೊರಡುವ ಜಾಗವನ್ನು ಬೇರೆಯಾಗಿ ನೋಡಬೇಕು. ಅಂದು ನಾನು ಅದನ್ನು ನೋಡಿರಲಿಲ್ಲ. ಮೊದಲೇ ತಿಳಿದಿದ್ದರೆ ಹೆರಿಗೆಯನ್ನು ಹೃದಯ ಶಸ್ತ್ರಚಿಕಿತ್ಸೆಯ ಆಸ್ಪತ್ರೆಯ ಹತ್ತಿರ ಮಾಡಿಸಬಹುದಿತ್ತು, ಮುಚ್ಚಿಕೊಳ್ಳುವ ನಾಳವನ್ನು ತೆರೆದಿಡುವ ಔಷಧಿ ಕೊಡಬಹುದಿತ್ತು. ಮಗು ನಾಲ್ಕನೆಯ ದಿನ ಆಸ್ಪತ್ರೆಯ ದಾರಿಯಲ್ಲೇ ಹೋಯಿತು. ಎರಡು ತಿಂಗಳ ಮೇಲೆ ಅವಳು ಆ ರಿಪೋರ್ಟನ್ನು ಮಡಿಕೆ ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಕೇಳಿದಳು: ‘ನಾರ್ಮಲ್ ಅಂತ ಬರ್ದಿದೀರಲ್ಲ, ನೋಡಿ ಬರ್ದ್ರಾ?’

ನೋಡಿದ್ದನ್ನು ನೋಡಿ ಬರೆದಿದ್ದೆ. ನೋಡದೆ ಇದ್ದದ್ದನ್ನೂ ಅದೇ ಪದದೊಳಗೆ ಸೇರಿಸಿಬಿಟ್ಟಿದ್ದೆ.

ಕಾಣುವುದಕ್ಕೂ ಇರುವುದಕ್ಕೂ ನಡುವಿನ ಅಂತರ ನಮ್ಮ ಶಾಸ್ತ್ರ ಹುಟ್ಟಿದ ದಿನದಿಂದಲೂ ಜೊತೆಗಿದೆ. ವಿಯೆನ್ನಾದ ನರರೋಗ ತಜ್ಞ ಕಾರ್ಲ್ ಡುಸಿಕ್ 1940ರ ದಶಕದಲ್ಲಿ ತಲೆಯ ಮೂಲಕ ಅಲೆ ಹಾಯಿಸಿ, ಮೆದುಳಿನ ಒಳಕುಹರಗಳು ಚಿತ್ರದಲ್ಲಿ ಮೂಡಿವೆ ಎಂದು ಪ್ರಕಟಿಸಿದ. ಕೆಲವು ವರ್ಷಗಳ ನಂತರ ಬೇರೆಯವರು ಮೆದುಳಿಲ್ಲದ ಬರೀ ತಲೆಬುರುಡೆಯಿಂದಲೂ ಅಂಥದೇ ಚಿತ್ರ ಬರುತ್ತದೆ ಎಂದು ತೋರಿಸಿದರು. ಡುಸಿಕ್ ಕಂಡದ್ದು ಮೂಳೆ ಅಲೆಯನ್ನು ನುಂಗಿದ ನೆರಳು. ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಆ ಪಾಡಿನಿಂದ ಪಾರಾದದ್ದು ಹೇಗೆ? 1955ರಲ್ಲಿ ಆತ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನೂ ಚೀಲಗಳನ್ನೂ ಕಾರಿನಲ್ಲಿ ತುಂಬಿಕೊಂಡು, ಲೋಹದ ಬಿರುಕು ಹುಡುಕುವ ಯಂತ್ರವಿದ್ದ ಕಾರ್ಖಾನೆಗೆ ಹೋದ. ಹೋಲಿಕೆಗೆಂದು ಒಂದು ತುಂಡು ಮಾಂಸವನ್ನೂ ಒಯ್ದಿದ್ದ. ಕೈಯಲ್ಲಿ ಹಿಡಿದು ಬಲ್ಲದ್ದನ್ನು ಯಂತ್ರ ಹೇಗೆ ತೋರಿಸುತ್ತದೆ ಎಂದು ಮೊದಲು ಕಲಿತು, ಆಮೇಲೆ ಬದುಕಿರುವ ಹೊಟ್ಟೆಗೆ ಬಂದ. 1958ರ ಜೂನ್ 7ರ ‘ಲ್ಯಾನ್ಸೆಟ್’ನಲ್ಲಿ ಡೊನಾಲ್ಡ್, ಮ್ಯಾಕ್‌ವಿಕರ್ ಮತ್ತು ಎಂಜಿನಿಯರ್ ಟಾಮ್ ಬ್ರೌನ್ ಬರೆದ ಲೇಖನ ನಮಗೆಲ್ಲ ಮೂಲಗ್ರಂಥ. ಗುಣವಾಗದ ಕ್ಯಾನ್ಸರ್ ಎಂದು ಕೈಬಿಟ್ಟಿದ್ದ ಒಬ್ಬ ಹೆಂಗಸಿನ ಹೊಟ್ಟೆಯಲ್ಲಿರುವುದು ದೊಡ್ಡ ಅಂಡಾಶಯದ ಚೀಲ ಎಂದು ಆ ಯಂತ್ರ ಹೇಳಿತು. ಅದನ್ನು ತೆಗೆದರು, ಆಕೆ ಬದುಕಿದಳು. ಡೊನಾಲ್ಡ್ ಪ್ರಸೂತಿ ವೈದ್ಯ. ಆತನ ಪ್ರೋಬ್ ಹೊಟ್ಟೆಗೆ ತಾಗುವ ಮೊದಲು ಆತನ ಬೆರಳು ತಾಗಿರುತ್ತಿತ್ತು, ಬೆರಳಿನಿಂದ ಒಂದು ಪ್ರಶ್ನೆ ಹುಟ್ಟಿರುತ್ತಿತ್ತು.

ಇವತ್ತು ನನ್ನ ಬಳಿಗೆ ಬರುವ ಚೀಟಿಯಲ್ಲಿ ಪ್ರಶ್ನೆಯೇ ಇರುವುದಿಲ್ಲ. ‘ಹೊಟ್ಟೆಯ ಸ್ಕ್ಯಾನ್’ ಎಂದಿರುತ್ತದೆ, ಅಷ್ಟೇ. ಪಾವಗಡದ ಸೀಮೆಯಲ್ಲಿ ಸಾವಿರಾರು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದ ಸೂಲಗಿತ್ತಿ ನರಸಮ್ಮನವರ ಬಳಿ ಇದ್ದದ್ದು ಕೈ, ಯಾವ ಯಂತ್ರವೂ ಇರಲಿಲ್ಲ. ಆ ಕಾಲ ಮರಳಿ ಬರಲಿ ಎಂದು ನಾನು ಹೇಳುತ್ತಿಲ್ಲ. ಆಗ ಹೆರಿಗೆಯಲ್ಲಿ ಸಾಯುತ್ತಿದ್ದವರ ಲೆಕ್ಕ ನನಗೆ ಗೊತ್ತು. ಕೈ ಕೇಳಿದ ಪ್ರಶ್ನೆಗೆ ಯಂತ್ರ ಉತ್ತರ ಹೇಳಬೇಕು ಎನ್ನುತ್ತಿದ್ದೇನೆ. ಪ್ರಶ್ನೆಯಿಲ್ಲದೆ ಹುಡುಕಿದರೆ ಏನಾಗುತ್ತದೆ ಎಂಬುದಕ್ಕೆ ದಕ್ಷಿಣ ಕೊರಿಯಾ ಸಾಕ್ಷಿ. ಅಲ್ಲಿ ಆರೋಗ್ಯವಂತರ ಕುತ್ತಿಗೆಗೂ ಪ್ರೋಬ್ ಇಟ್ಟರು. 1993ರಿಂದ 2011ರೊಳಗೆ ಥೈರಾಯ್ಡ್ ಕ್ಯಾನ್ಸರಿನ ಪತ್ತೆ 15 ಪಟ್ಟಾಯಿತು, ಅದರಿಂದ ಸಾಯುವವರ ಪ್ರಮಾಣ ಮಾತ್ರ ಇದ್ದಷ್ಟೇ ಇತ್ತು. ಎಷ್ಟೋ ಜನರ ಗ್ರಂಥಿ ಕತ್ತರಿಸಿದ್ದು ಅವರಿಗೆ ಎಂದೂ ಕೇಡು ಮಾಡದೆ ಇರುತ್ತಿದ್ದ ಗಂಟುಗಳಿಗಾಗಿ.

ಅಳತೆಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ಭ್ರೂಣದ ತಲೆ, ಹೊಟ್ಟೆ, ತೊಡೆಮೂಳೆ ಅಳೆದಾಗ ಯಂತ್ರ ತಾನಾಗಿ ತೂಕ ಹೇಳುತ್ತದೆ, ವಾರ ಹೇಳುತ್ತದೆ. ಅದರ ಹಿಂದಿರುವ ಹ್ಯಾಡ್‌ಲಾಕ್ ಸೂತ್ರಗಳು ಅಮೆರಿಕದ ಹ್ಯೂಸ್ಟನ್ನಿನಲ್ಲಿ ಹುಟ್ಟಿದವು. ಹ್ಯಾಡ್‌ಲಾಕ್ 1991ರಲ್ಲಿ ಕೊಟ್ಟ ತೂಕದ ಪಟ್ಟಿಗೆ ಆಧಾರ 392 ಬಸುರಿಯರು, ಬಹುಪಾಲು ಅಲ್ಲಿನ ಬಿಳಿಯ ಮಧ್ಯಮ ವರ್ಗದವರು. ಆ ಅಳತೆಕೋಲು ಹಿಡಿದು ರಾಯಚೂರಿನ ಮಗುವನ್ನು ‘ಬೆಳವಣಿಗೆ ಕಡಿಮೆ’ ಎಂದು ಬರೆಯುತ್ತೇವೆ. ತೂಕದ ಅಂದಾಜು ಶೇ. 15ರಷ್ಟು ಆಚೀಚೆ ಆಗಬಹುದು ಎಂದು ಆ ತಾಯಿಗೆ ಯಾರೂ ಹೇಳುವುದಿಲ್ಲ. ಇಲ್ಲೇ ಗಿಂಡಿ ಕಾಡಿನಂಚಿನ ಐಐಟಿ ಮದ್ರಾಸಿನವರು ಫರೀದಾಬಾದಿನ ಸಂಶೋಧಕರ ಜೊತೆ ಸೇರಿ, ಗುರುಗ್ರಾಮದ ಸಿವಿಲ್ ಆಸ್ಪತ್ರೆಗೆ ಬಂದ ಬಸುರಿಯರ ಅಳತೆಗಳಿಂದ ‘ಗರ್ಭಿಣಿ’ ಎಂಬ ಸೂತ್ರ ಕಟ್ಟಿ 2024ರಲ್ಲಿ ಪ್ರಕಟಿಸಿದರು. ತಿಂಗಳು ತುಂಬುತ್ತ ಬಂದ ಬಸುರಿನ ವಾರ ಲೆಕ್ಕ ಹಾಕುವಲ್ಲಿ ಹ್ಯಾಡ್‌ಲಾಕ್ ಸೂತ್ರದ ತಪ್ಪು ಅದರಿಂದ ಸುಮಾರು ಮೂರು ಪಟ್ಟು ಕಡಿಮೆಯಾಗುತ್ತದೆ. ಆ ಕೆಲಸದ ವಿವರ ಎರಡನೆಯ ಗೋಷ್ಠಿಯಲ್ಲಿದೆ. ದಯವಿಟ್ಟು ಯಾರೂ ಆಗ ಕಾಫಿಗೆ ಎದ್ದು ಹೋಗಬೇಡಿ.

ಒಂದು ನೋವಿನ ಮಾತು ಹೇಳದೆ ಮುಂದೆ ಹೋಗಲಾರೆ. ನಾನು ಮಂಡ್ಯ ಜಿಲ್ಲೆಯವನು. ನಮ್ಮ ಮನೆಯ ಹಿತ್ತಲಿಗೆ ಆಲೆಮನೆ ಇತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ವಾಸನೆಯಲ್ಲೇ ಓದಿದವನು. 2023ರ ನವೆಂಬರಿನಲ್ಲಿ ಬೆಂಗಳೂರಿನ ಪೊಲೀಸರು ಬಯಲಿಗೆಳೆದ ಜಾಲದಲ್ಲಿ, ಮಂಡ್ಯದ ಒಂದು ಆಲೆಮನೆಯೊಳಗೆ ಸ್ಕ್ಯಾನಿಂಗ್ ಯಂತ್ರವಿಟ್ಟು ಬಸುರಿಯರ ಹೊಟ್ಟೆಯಲ್ಲಿ ಗಂಡೋ ಹೆಣ್ಣೋ ಎಂದು ನೋಡಿ, ಹೆಣ್ಣಾದರೆ ಗರ್ಭಪಾತಕ್ಕೆ ಕಳಿಸುತ್ತಿದ್ದರು ಎಂಬ ಸುದ್ದಿ ಓದಿದ ದಿನ ನಾನು ಕ್ಲಿನಿಕ್ಕಿಗೆ ಹೋಗಲಿಲ್ಲ. ಡೊನಾಲ್ಡ್ ಬದುಕಿಸಲು ಹಿಡಿದ ವಿದ್ಯೆ ನನ್ನೂರಿನಲ್ಲಿ ಹೀಗೆ ಬಳಕೆಯಾಯಿತು. ಭ್ರೂಣಲಿಂಗ ಪತ್ತೆಯನ್ನು ತಡೆಯುವ 1994ರ ಕಾಯ್ದೆಯನ್ನು ನಮ್ಮಲ್ಲಿ ಕೆಲವರು ಗುಮಾಸ್ತಗಿರಿ ಎಂದು ಗೊಣಗುತ್ತಾರೆ. ಅದರಡಿ ಎಫ್ ನಮೂನೆ ತುಂಬುವ ಶ್ರಮ ನನಗೂ ಗೊತ್ತು. ಆದರೂ ಹೇಳುತ್ತೇನೆ, ಆ ಕಾಯ್ದೆ ಬೇಕು, ಗಟ್ಟಿಯಾಗಿಯೇ ಬೇಕು.

ಅದೇ ಕಾಯ್ದೆ ನನಗೆ ಇನ್ನೊಂದು ವಿಷಯ ಕಾಣಿಸಿತು. ಪ್ರತಿ ಬಸುರಿಯ ಸ್ಕ್ಯಾನ್ ಮುಗಿದಾಗ ನಾವು ಒಂದು ಹೇಳಿಕೆಗೆ ಸಹಿ ಮಾಡುತ್ತೇವೆ: ಭ್ರೂಣದ ಲಿಂಗವನ್ನು ಪತ್ತೆ ಮಾಡಿಲ್ಲ, ಯಾರಿಗೂ ಯಾವ ರೀತಿಯಲ್ಲೂ ತಿಳಿಸಿಲ್ಲ. ಏನನ್ನು ಹೇಳಲಿಲ್ಲ ಎಂದು ಬರೆದುಕೊಡಲು ಕಾನೂನು ನಮಗೆ ಕಲಿಸಿದೆ. ಏನನ್ನು ಕಾಣಲಿಲ್ಲ ಎಂದು ಬರೆದುಕೊಡಲು ಯಾರೂ ಕಲಿಸಲಿಲ್ಲ.

ರಿಪೋರ್ಟಿನ ಅಡಿಯಲ್ಲಿ ಸಣ್ಣಕ್ಷರದಲ್ಲಿ ‘ಎಲ್ಲ ದೋಷಗಳನ್ನೂ ಪತ್ತೆ ಮಾಡಲಾಗದು’ ಎಂದು ಇದೆಯಲ್ಲ ಎಂದು ನನ್ನ ಶಿಷ್ಯೆಯೊಬ್ಬಳು ವಾದಿಸುತ್ತಾಳೆ. ಇದೆ. ಅದು ಇರುವುದು ಕೋರ್ಟಿಗಾಗಿ, ತಾಯಿಗಾಗಿ ಅಲ್ಲ. ಅಮೆರಿಕದ ರೇಡಿಯಸ್ ಅಧ್ಯಯನ 1993ರಲ್ಲಿ 15,151 ಬಸುರಿಯರ ಲೆಕ್ಕ ಕೊಟ್ಟಿತು: ಎಲ್ಲರಿಗೂ ಸ್ಕ್ಯಾನ್ ಮಾಡಿದ ಗುಂಪಿನಲ್ಲೂ ದೊಡ್ಡ ಅಂಗದೋಷಗಳಲ್ಲಿ ಹೆರಿಗೆಗೆ ಮುಂಚೆ ಗೊತ್ತಾದದ್ದು ಶೇ. 35 ಮಾತ್ರ. ಯಂತ್ರಗಳು ಅಂದಿಗಿಂತ ಬಹಳ ಸುಧಾರಿಸಿವೆ, ಕಣ್ಣುಗಳೂ ಪಳಗಿವೆ. ಹಾಗಿದ್ದರೂ ಕೊಬ್ಬು ದಪ್ಪವಿದ್ದರೆ, ಮಗು ಬೆನ್ನು ತಿರುಗಿಸಿ ಮಲಗಿದ್ದರೆ, ನೀರು ಕಡಿಮೆಯಿದ್ದರೆ, ಹೊರಗೆ ಇನ್ನೂ ಅರವತ್ತು ಜನ ಟೋಕನ್ ಹಿಡಿದು ಕೂತಿದ್ದರೆ, ಕಾಣುವುದು ಕಡಿಮೆಯಾಗುತ್ತದೆ. ಇವತ್ತು ಯಾವುದು ಅಡ್ಡಬಂತು ಎಂದು ಈ ತಾಯಿಗೆ, ಈ ಹೊಟ್ಟೆಯ ಬಗ್ಗೆ, ಬರೆಯಬೇಕು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ನಂತರ ಅದರ ಮಿತಿ ಕೆಲವು ವರ್ಗದ ಹೆಂಗಸರಿಗೆ 24 ವಾರಕ್ಕೆ ಏರಿದೆ. ಭ್ರೂಣದ ಗಂಭೀರ ದೋಷವಿದ್ದರೆ ವೈದ್ಯಕೀಯ ಮಂಡಳಿ ಅದರಾಚೆಗೂ ತೀರ್ಮಾನಿಸುತ್ತದೆ. ಹಾಗಾಗಿ ನಮ್ಮ ಒಂದು ಪದದ ಭಾರ ಮೊದಲಿಗಿಂತ ಹೆಚ್ಚಿದೆ.

ಹೇಗೆ ಬರೆಯಬೇಕು ಎಂಬುದೇ ನನಗೆ ಬಗೆಹರಿಯದ ಪ್ರಶ್ನೆ. ಮೂವತ್ತು ವರ್ಷದಿಂದ ಪ್ರಯತ್ನಿಸಿದ್ದೇನೆ. ‘ಬೆನ್ನುಹುರಿಯ ಕೆಳಭಾಗ ಇಂದು ಸ್ಪಷ್ಟವಾಗಿ ಕಾಣಲಿಲ್ಲ’ ಎಂದು ಬರೆದ ವಾರವೇ ಒಬ್ಬ ಗಂಡ ಹೆಂಡತಿ ರಾತ್ರಿಯೆಲ್ಲ ನಿದ್ದೆಗೆಟ್ಟು, ಬೇರೆ ಬೇರೆ ಕಡೆ ಮೂರು ಸ್ಕ್ಯಾನ್ ಮಾಡಿಸಿಕೊಂಡು ಬಂದರು. ಕಳಿಸಿದ ಪ್ರಸೂತಿ ತಜ್ಞೆ, ನೀವು ಜವಾಬ್ದಾರಿ ತಪ್ಪಿಸಿಕೊಳ್ಳುತ್ತಿದ್ದೀರಿ ಎಂದು ಫೋನಿನಲ್ಲಿ ಗದರಿದರು. ‘ನಾರ್ಮಲ್’ ಎಂದರೆ ನೆಮ್ಮದಿ, ‘ಕಾಣಲಿಲ್ಲ’ ಎಂದರೆ ಭಯ. ಈ ಎರಡರ ನಡುವೆ ನಿಲ್ಲುವ, ಹೆದರಿಸದೆ ನಿಜ ಹೇಳುವ ಒಂದು ವಾಕ್ಯ ನನಗಿನ್ನೂ ಸಿಕ್ಕಿಲ್ಲ. ವೈದ್ಯ ಲೇಖಕಿ ಅನುಪಮಾ ನಿರಂಜನರು ‘ತಾಯಿ-ಮಗು’ ಬರೆದಾಗ ಬಸಿರಿನ ಸಂಗತಿಗಳನ್ನು ಕನ್ನಡದ ಹೆಣ್ಣುಮಕ್ಕಳಿಗೆ ತಿಳಿಯುವ ಮಾತಿನಲ್ಲಿ ಹೇಳಬಹುದು ಎಂದು ತೋರಿಸಿದರು. ಸ್ಕ್ಯಾನಿನ ವಿಷಯದಲ್ಲಿ ಆ ಕೆಲಸ ಬಾಕಿಯಿದೆ. ನಮ್ಮ ರಿಪೋರ್ಟುಗಳು ಇಂಗ್ಲಿಷಿನಲ್ಲಿವೆ. ಅವುಗಳಲ್ಲಿ ತಾಯಿ ಓದಬಲ್ಲ ಪದ ಒಂದೇ, ‘ನಾರ್ಮಲ್’.

ಆದ್ದರಿಂದ ಒಂದು ಬೇಡಿಕೆ. ಹೊರಗಿನ ನೋಂದಣಿ ಮೇಜಿನ ಮೇಲೆ ಒಂದು ಹಾಳೆ ಇಟ್ಟಿದ್ದೇನೆ. ಅದರಲ್ಲಿ ಮೂರು ಕಂಬಸಾಲು: ‘ನೋಡಿದೆ, ಸರಿಯಿದೆ’, ‘ನೋಡಿದೆ, ಕಾಣಲಿಲ್ಲ’, ‘ನೋಡಲಿಲ್ಲ’. ಐದನೆಯ ತಿಂಗಳ ಸ್ಕ್ಯಾನಿಗೆ ಸಂಬಂಧಪಟ್ಟ ಅಂಗಗಳ ಹೆಸರು ಎಡಗಡೆ ಕನ್ನಡದಲ್ಲೂ ತಮಿಳಿನಲ್ಲೂ ಇದೆ. ಎರಡನೆಯ ಅಥವಾ ಮೂರನೆಯ ಕಂಬಸಾಲಿನಲ್ಲಿ ಗುರುತು ಬಿದ್ದಾಗ ತಾಯಿಗೆ ಹೇಳಬೇಕಾದ ವಾಕ್ಯದ ಜಾಗವನ್ನು ಖಾಲಿ ಬಿಟ್ಟಿದ್ದೇನೆ. ಸಂಜೆ ಐದರ ಕೊನೆಯ ಗೋಷ್ಠಿಗೆ ಮುಂಚೆ ನೀವೆಲ್ಲರೂ, ಅದರಲ್ಲೂ ಬಸುರಿಯರ ಜೊತೆ ದಿನವೂ ಮಾತಾಡುವ ನರ್ಸ್‌ಗಳು, ಆ ಜಾಗದಲ್ಲಿ ಒಂದೊಂದು ವಾಕ್ಯ ಬರೆದು ಹೋಗಿ.