ಬಿಲ್ಡರ್‌ಗಳ ಸಂಘವೂ ಖಾನಾಪುರದ ಇಟ್ಟಂಗಿಯೂ

ಬೆಳಗಾವಿಯಲ್ಲಿ ಅಪಾರ್ಟ್‌ಮೆಂಟು, ವಾಣಿಜ್ಯ ಸಂಕೀರ್ಣ, ಬಡಾವಣೆಗಳನ್ನು ಕಟ್ಟುವವರ ಸಂಘಟನೆಯ ಹೆಸರು ಕ್ರೆಡಾಯ್ ಬೆಳಗಾವಿ. 1999ರಲ್ಲಿ ರಾಷ್ಟ್ರಮಟ್ಟದಲ್ಲಿ ಹುಟ್ಟಿದ ಬಿಲ್ಡರ್‌ಗಳ ಒಕ್ಕೂಟದ ನಗರ ಶಾಖೆ ಇದು. ಮೈಸೂರು, ಮಂಗಳೂರು, ಹುಬ್ಬಳ್ಳಿ–ಧಾರವಾಡಗಳಲ್ಲೂ ಇಂಥ ಶಾಖೆಗಳಿವೆ. ಊರಿನ ಜನ ಈ ಸಂಘವನ್ನು ಬಲ್ಲದ್ದು ಹೆಚ್ಚಾಗಿ ‘ಬೆಲ್‌ಕಾನ್’ ಎಂಬ ಕಟ್ಟಡ ಸಾಮಗ್ರಿಗಳ ಪ್ರದರ್ಶನದಿಂದ. ಸಿಮೆಂಟು, ಟೈಲ್ಸು, ಬಣ್ಣ, ಕಿಟಕಿ ಬಾಗಿಲುಗಳನ್ನು ಒಂದೇ ಮೈದಾನದಲ್ಲಿ ನೋಡಬಹುದಾದ್ದರಿಂದ ಮನೆ ಕಟ್ಟಿಸುವ ಯೋಚನೆ ಇರುವವರು ಅಲ್ಲಿಗೆ ಹೋಗಿ ಬರುತ್ತಾರೆ. ಆದರೆ ಪ್ರದರ್ಶನವೆಂಬುದು ಸಂಘದ ಕೆಲಸದಲ್ಲಿ ಕಣ್ಣಿಗೆ ಬೀಳುವ ಭಾಗ ಮಾತ್ರ. ಉಳಿದದ್ದು ಕಚೇರಿಗಳಲ್ಲಿ, ನ್ಯಾಯಾಲಯಗಳಲ್ಲಿ, ಕೆಲಸ ನಡೆಯುವ ಜಾಗದಲ್ಲಿ ಆಗುತ್ತದೆ.

ಇಂಥ ವೃತ್ತಿ ಸಂಘ ಕಾರ್ಮಿಕ ಸಂಘವಲ್ಲ, ಸಹಕಾರಿ ಸಂಘವೂ ಅಲ್ಲ. ಅದು ತಾನಾಗಿ ಕಟ್ಟಡ ಕಟ್ಟುವುದಿಲ್ಲ, ಲಾಭ ಹಂಚುವುದಿಲ್ಲ. ಅದರ ಸದಸ್ಯರೆಲ್ಲ ಒಬ್ಬರಿಗೊಬ್ಬರು ಪೈಪೋಟಿಗಾರರು. ಬೆಳಗಾವಿಯ ಟಿಳಕವಾಡಿ ಬಡಾವಣೆಯ ಒಂದೇ ಹಳೆಯ ಬಂಗಲೆಯ ಜಾಗಕ್ಕೆ ಇಬ್ಬರು ಬಿಲ್ಡರ್‌ಗಳು ಬೆಳಿಗ್ಗೆ ಮಾತುಕತೆ ನಡೆಸಿ, ಸಂಜೆ ಸಂಘದ ಸಭೆಯಲ್ಲಿ ಅಕ್ಕಪಕ್ಕ ಕೂರಬಹುದು. ಅವರನ್ನು ಕೂಡಿಸುವುದು ಒಬ್ಬೊಬ್ಬರಿಂದ ಆಗದ ಕೆಲಸಗಳು. ಕೃಷಿ ಭೂಮಿಯನ್ನು ಎನ್‌ಎ (ಕೃಷಿಯೇತರ) ಮಾಡಿಸುವ ವಿಳಂಬ, ನಗರಾಭಿವೃದ್ಧಿ ಪ್ರಾಧಿಕಾರವಾದ ಬುಡಾದ ನಿಯಮಗಳ ಬದಲಾವಣೆ, ಮಹಾನಗರ ಪಾಲಿಕೆಯ ಪರವಾನಗಿ, ತೆರಿಗೆಯ ಗೊಂದಲ ಇವುಗಳ ಬಗ್ಗೆ ಒಬ್ಬ ಬಿಲ್ಡರ್ ಅರ್ಜಿ ಹಿಡಿದು ಹೋದರೆ ಅದು ಅವನ ಸ್ವಂತ ಅಹವಾಲು. ಸಂಘ ಹೋದರೆ ಅದು ಇಡೀ ಉದ್ಯಮದ ಅಹವಾಲು.

ದೇಶದಲ್ಲಿ ಇಂಥ ಸಂಘಟನೆಯ ಚರಿತ್ರೆ ಬೆಳಗಾವಿಗೆ ಅಷ್ಟೇನೂ ದೂರದ್ದಲ್ಲ. ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ಹುಟ್ಟಿದ್ದು 1941ರಲ್ಲಿ, ಪುಣೆಯಲ್ಲಿ. ಎರಡನೆಯ ಮಹಾಯುದ್ಧದ ಆ ದಿನಗಳಲ್ಲಿ ಸೈನ್ಯಕ್ಕಾಗಿ ಕಟ್ಟಡಗಳನ್ನು ಕಟ್ಟಿಕೊಡುತ್ತಿದ್ದ ಗುತ್ತಿಗೆದಾರರು ಸೇರಿ ಅದನ್ನು ಕಟ್ಟಿದರು. ಪುಣೆಯಂತೆ ಬೆಳಗಾವಿಯೂ ಆಗ ಮುಂಬಯಿ ಪ್ರಾಂತ್ಯದ ಊರು, ಪುಣೆಯಂತೆಯೇ ದಂಡಿನ ಊರು. ಸರ್ಕಾರದ ಗುತ್ತಿಗೆ ಕರಾರು ಸರ್ಕಾರವೇ ಬರೆದದ್ದು. ಅದಕ್ಕೆ ಒಬ್ಬ ಗುತ್ತಿಗೆದಾರ ಸಹಿ ಹಾಕಬಹುದಿತ್ತೇ ಹೊರತು ತಿದ್ದುಪಡಿ ಕೇಳುವಂತಿರಲಿಲ್ಲ. ಕೇಳುವುದಕ್ಕೆ ಸಂಘವೇ ಬೇಕಾಗಿತ್ತು.

ಮುಂದೆ ಈ ಬಿಲ್ಡರ್ಸ್ ಅಸೋಸಿಯೇಷನ್ ತೆರಿಗೆಯ ಪ್ರಶ್ನೆಯನ್ನು ಸುಪ್ರೀಂ ಕೋರ್ಟಿನವರೆಗೆ ಒಯ್ಯಿತು. ಕಟ್ಟಡದ ಗುತ್ತಿಗೆಯಲ್ಲಿ ಬಳಕೆಯಾಗುವ ಸಿಮೆಂಟು, ಕಬ್ಬಿಣದ ಮೇಲೆ ರಾಜ್ಯಗಳು ಮಾರಾಟ ತೆರಿಗೆ ಹಾಕಬಹುದೆಂದು 1982ರ ಸಂವಿಧಾನ ತಿದ್ದುಪಡಿ ಹೇಳಿತ್ತು. 1989ರ ತೀರ್ಪಿನಲ್ಲಿ ನ್ಯಾಯಾಲಯ ತಿದ್ದುಪಡಿಯನ್ನು ಎತ್ತಿ ಹಿಡಿಯಿತು. ಆದರೆ ಉಳಿದ ಮಾರಾಟಗಳಿಗೆ ಸಂವಿಧಾನ ಹಾಕಿರುವ ಮಿತಿಗಳು ಇದಕ್ಕೂ ಅನ್ವಯಿಸುತ್ತವೆ ಎಂದು ಸ್ಪಷ್ಟಪಡಿಸಿತು. ಸಂಘ ಪೂರ್ತಿ ಗೆಲ್ಲಲಿಲ್ಲ. ಆದರೂ ಆ ತೀರ್ಪಿನ ಫಲ ಸಂಘದ ಹೆಸರೇ ಕೇಳದ ಸಣ್ಣ ಗುತ್ತಿಗೆದಾರನಿಗೂ ಸಿಕ್ಕಿತು.

ಇನ್ನೂ ದೊಡ್ಡ ಪ್ರಕರಣ ಸಿಮೆಂಟಿನದು. ಸಿಮೆಂಟ್ ಕಂಪನಿಗಳು ಒಳಗೊಳಗೇ ಮಾತಾಡಿಕೊಂಡು ಉತ್ಪಾದನೆ ತಗ್ಗಿಸಿ ಬೆಲೆ ಏರಿಸುತ್ತಿವೆ ಎಂದು ಬಿಲ್ಡರ್ಸ್ ಅಸೋಸಿಯೇಷನ್ 2010ರಲ್ಲಿ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟಿತು. 2012ರ ಜೂನ್‌ನಲ್ಲಿ ಆಯೋಗ 11 ಕಂಪನಿಗಳಿಗೆ 6,000 ಕೋಟಿ ರೂಪಾಯಿಗೂ ಮಿಕ್ಕಿದ ದಂಡ ಹಾಕಿತು. 2015ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ವಿಚಾರಣೆಯ ಕ್ರಮ ಸರಿಯಿಲ್ಲವೆಂದು ಆ ಆದೇಶವನ್ನು ತಳ್ಳಿಹಾಕಿತು. 2016ರಲ್ಲಿ ಆಯೋಗ ಮತ್ತೆ ವಿಚಾರಣೆ ನಡೆಸಿ ಮತ್ತೆ ದಂಡ ವಿಧಿಸಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿ ಹಿಡಿದ ಮೇಲೆ ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ಇಲ್ಲಿ ಗಮನಿಸಬೇಕಾದ್ದೆಂದರೆ, ದೂರು ಕೊಟ್ಟದ್ದೂ ಒಂದು ಸಂಘ, ದಂಡಕ್ಕೆ ಗುರಿಯಾದವರಲ್ಲಿ ಸಿಮೆಂಟ್ ಉತ್ಪಾದಕರ ಸಂಘವೂ ಒಂದು. ಸದಸ್ಯರ ಪರವಾಗಿ ಅಹವಾಲು ಹೇಳುವುದು ಸಂಘದ ಹಕ್ಕು. ಸದಸ್ಯರನ್ನು ಕೂರಿಸಿಕೊಂಡು ಬೆಲೆ ಗೊತ್ತುಮಾಡುವುದು 2002ರ ಸ್ಪರ್ಧಾ ಕಾಯ್ದೆಯ ಪ್ರಕಾರ ನಿಷಿದ್ಧ. ಚದರಡಿಗೆ ಇಷ್ಟಕ್ಕಿಂತ ಕಡಿಮೆಗೆ ಯಾರೂ ಫ್ಲ್ಯಾಟ್ ಮಾರಬಾರದೆಂದು ಯಾವ ನಗರದ ಬಿಲ್ಡರ್ ಸಂಘವೂ ಠರಾವು ಮಾಡುವಂತಿಲ್ಲ.

ಬಿಲ್ಡರ್‌ಗಳ ಸಂಘಕ್ಕೆ ಹೊಸ ಜವಾಬ್ದಾರಿ ತಂದದ್ದು 2016ರ ರೇರಾ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಕಾಯ್ದೆ. ಗ್ರಾಹಕರಿಂದ ಬಂದ ಹಣದ ಶೇ. 70ರಷ್ಟನ್ನು ಆ ಯೋಜನೆಯದೇ ಬ್ಯಾಂಕ್ ಖಾತೆಯಲ್ಲಿ ಇಡಬೇಕು. ಮನೆ ಒಪ್ಪಿಸಿದ ಮೇಲೂ ಐದು ವರ್ಷದೊಳಗೆ ಕಟ್ಟಡದಲ್ಲಿ ದೋಷ ಕಂಡರೆ ಬಿಲ್ಡರ್ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಜಗಳ ಬಂದರೆ ರಾಜಿಗೆ ಕೂರಿಸುವ ವೇದಿಕೆಗಳನ್ನು ಗ್ರಾಹಕರ ಸಂಘಗಳಾಗಲಿ ಬಿಲ್ಡರ್‌ಗಳ ಸಂಘಗಳಾಗಲಿ ಸ್ಥಾಪಿಸಬಹುದೆಂದು ಕಾಯ್ದೆಯ 32ನೆಯ ಸೆಕ್ಷನ್ ಒಪ್ಪಿಕೊಂಡಿದೆ. ಆದರೆ 500 ಚದರ ಮೀಟರ್ ಮೀರದ ಜಾಗ ಅಥವಾ ಎಂಟು ಮನೆ ಮೀರದ ಯೋಜನೆಗೆ ರೇರಾ ನೋಂದಣಿ ಕಡ್ಡಾಯವಲ್ಲ. ಬೆಳಗಾವಿಯಂಥ ಊರಿನ ಗಲ್ಲಿಗಳಲ್ಲಿ ಏಳುವ ಆರು ಮನೆಯ ಸಣ್ಣ ಕಟ್ಟಡ ಈ ಸಾಲಿಗೆ ಬರುತ್ತದೆ. ಅದನ್ನು ಕೊಳ್ಳುವವರು ಜೀವಮಾನದ ಉಳಿತಾಯ ಸುರಿಯುವ ಮಧ್ಯಮ ವರ್ಗದವರು. ರೇರಾದ ಬೇಲಿ ಇಲ್ಲದಲ್ಲಿ ಸಂಘದ ನೀತಿಸಂಹಿತೆಯೇ ಹತ್ತಿರದ ಬೇಲಿ, ಮತ್ತು ಸಂಘದ ನಿಜವಾದ ಪರೀಕ್ಷೆ ಆಗುವುದೂ ಅಲ್ಲೇ: ತಪ್ಪು ಮಾಡಿದ ಸದಸ್ಯನನ್ನು ಹೊರಗೆ ಹಾಕುವ ಧೈರ್ಯ ಅದಕ್ಕಿರಬೇಕು.

ಈಗ ಬಿಲ್ಡರ್‌ಗಳು ಕಟ್ಟುವ ಗೋಡೆಯ, ಅದರ ಇಟ್ಟಂಗಿಯ ವಿಷಯ. ಬೆಳಗಾವಿಯಿಂದ ಗೋವೆಯ ದಾರಿಯಲ್ಲಿ ಸುಮಾರು 26 ಕಿಲೋಮೀಟರ್ ಹೋದರೆ ಮಲಪ್ರಭೆಯ ದಂಡೆಯಲ್ಲಿ ಖಾನಾಪುರ. ಕಣಕುಂಬಿಯಲ್ಲಿ ಹುಟ್ಟಿ ಬರುವ ಈ ಹೊಳೆಯ ಆಸುಪಾಸಿನ ಮಣ್ಣು ಇಟ್ಟಂಗಿಗೆ, ಹಂಚಿಗೆ, ಗಡಿಗೆಗೆ ಹೆಸರಾದದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ತನ್ನ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆಗೆ ಖಾನಾಪುರವನ್ನು ಆರಿಸಿಕೊಂಡಿದೆ. ಮಂಗಳೂರು ಹಂಚಿನ ತಂತ್ರ 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹಬ್ಬಿದ್ದು. ಇಟ್ಟಂಗಿ ಅದಕ್ಕಿಂತ ಎಷ್ಟೋ ಹಳೆಯದು. ಮಳೆಗಾಲ ಮುಗಿದ ಮೇಲೆ ಮಣ್ಣು ಕಲಸಿ, ಅಚ್ಚಿಗೆ ಹಾಕಿ, ಬಿಸಿಲಿಗೆ ಒಣಗಿಸಿ, ನಡುನಡುವೆ ಉರುವಲಿಟ್ಟು ಭಟ್ಟಿ ಒಟ್ಟುತ್ತಾರೆ. ಹೊರಮೈಗೆ ಕೆಸರು ಮೆತ್ತಿ ಬೆಂಕಿ ಕೊಡುತ್ತಾರೆ. ಮುಂಗಾರು ಬರುವುದರೊಳಗೆ ಸುಟ್ಟು ಮುಗಿಸದಿದ್ದರೆ ವರ್ಷದ ದುಡಿಮೆ ಕರಗಿ ಹೋಗುತ್ತದೆ.

ಇಂಥ ಭಟ್ಟಿಯಲ್ಲಿ ಶಾಖ ಎಲ್ಲ ಕಡೆಗೂ ಒಂದೇ ಸಮ ತಟ್ಟುವುದಿಲ್ಲ. ಹೊರಸುತ್ತಿನ ಇಟ್ಟಂಗಿ ಅರೆಬೇಯುತ್ತದೆ, ನಡುವಿನದು ಕೆಲವೊಮ್ಮೆ ಅತಿಯಾಗಿ ಬೆಂದು ಸೊಟ್ಟಗಾಗುತ್ತದೆ. ಅನುಭವಿ ಗೌಂಡಿ ಎರಡು ಇಟ್ಟಂಗಿಗಳನ್ನು ಒಂದಕ್ಕೊಂದು ಬಡಿದು ನೋಡುತ್ತಾನೆ. ಠಣ್ ಎಂದರೆ ಬೆಂದಿದೆ, ಸದ್ದು ಮಂಕಾದರೆ ಬೆಂದಿಲ್ಲ. ಉಗುರಿನಿಂದ ಗೀರಿ ಗೆರೆ ಬೀಳುತ್ತದೆಯೇ ಎಂದೂ ನೋಡುತ್ತಾನೆ. ಇದೇ ಗುಣವನ್ನು ಭಾರತೀಯ ಮಾನಕ ಸಂಸ್ಥೆಯ ಐಎಸ್ 1077 ಅಳತೆಗೆ ಇಳಿಸಿದೆ. ಒಣಗಿಸಿದ ಇಟ್ಟಂಗಿಯನ್ನು ತೂಗಿ, 24 ಗಂಟೆ ನೀರಿನಲ್ಲಿಟ್ಟು ಮತ್ತೆ ತೂಗಬೇಕು. ಸಾಮಾನ್ಯ ದರ್ಜೆಯ ಇಟ್ಟಂಗಿ ಹೀರಿಕೊಂಡ ನೀರು ತೂಕದ ಶೇ. 20ನ್ನು ಮೀರಬಾರದು. ಮೂರು ಕಿಲೋ ತೂಗುವ ಇಟ್ಟಂಗಿ 600 ಗ್ರಾಂಗಿಂತ ಹೆಚ್ಚು ನೀರು ಕುಡಿದರೆ ಅದು ಬೇಡ. ಖಾನಾಪುರದ ಮಳೆಗೆ ಮೈಯೊಡ್ಡುವ ಗೋಡೆಯಲ್ಲಿ ಈ ಲೆಕ್ಕಕ್ಕೆ ಬಹಳ ಬೆಲೆಯಿದೆ.

ಒಂದು ಬಕೆಟ್ ನೀರು ಮತ್ತು ಒಂದು ತಕ್ಕಡಿಯಲ್ಲಿ ಆಗುವ ಈ ಪರೀಕ್ಷೆಯನ್ನು ಬಿಲ್ಡರ್‌ಗಳ ಸಂಘ ತನ್ನ ಸದಸ್ಯರಿಗೆ ಕಡ್ಡಾಯ ಮಾಡಿದರೆ ಅದರ ಪರಿಣಾಮ ನೇರವಾಗಿ ಭಟ್ಟಿಗೆ ತಲುಪುತ್ತದೆ. ಕೊಳ್ಳುವವರೆಲ್ಲ ಒಂದೇ ಅಳತೆ ಕೇಳಿದಾಗ ಚೆನ್ನಾಗಿ ಸುಡುವವನಿಗೆ ಒಳ್ಳೆಯ ದರ ಸಿಗುತ್ತದೆ. ಅಗ್ಗದ ಅರೆಬೆಂದ ಮಾಲಿನೊಡನೆ ಅವನು ಪೈಪೋಟಿ ಮಾಡಬೇಕಾಗುವುದಿಲ್ಲ. ಭಟ್ಟಿಯವರ ಮೇಲೆ ಈಗಾಗಲೇ ಬೇರೆ ಹೊರೆಗಳಿವೆ. 2022ರ ಏಪ್ರಿಲ್‌ನಿಂದ ಇಟ್ಟಂಗಿಯ ಮೇಲಿನ ಜಿಎಸ್‌ಟಿ, ಹೂಡುವಳಿ ತೆರಿಗೆಯ ವಜಾ ಬೇಡವೆಂದರೆ ಶೇ. 6, ಬೇಕೆಂದರೆ ಶೇ. 12 ಎಂದಾಯಿತು. ಅದೇ ವರ್ಷ ಭಟ್ಟಿಗಳ ಹೊಗೆಗೆ ಕೇಂದ್ರ ಪರಿಸರ ಸಚಿವಾಲಯ ಹೊಸ ಮಿತಿ ಗೊತ್ತುಮಾಡಿತು. ಇವನ್ನೆಲ್ಲ ಹೊಲದ ಮೂಲೆಯಲ್ಲಿ ಭಟ್ಟಿ ಹಚ್ಚುವ ರೈತ ಒಬ್ಬನೇ ಓದಿ ತಿಳಿದುಕೊಳ್ಳಲಿ ಎನ್ನುವುದು ನ್ಯಾಯವಲ್ಲ.

ಸಣ್ಣ ಕಸುಬಿನವರು ಸಂಘ ಕಟ್ಟಿಕೊಂಡು ಕಾನೂನಿನ ಮಾನ್ಯತೆ ಪಡೆದ ಉದಾಹರಣೆ ಜರ್ಮನಿಯಲ್ಲಿದೆ. ಅಲ್ಲಿ ಮಣ್ಣಿನ ಕಟ್ಟಡ ಕಟ್ಟುವವರು 1992ರಲ್ಲಿ ‘ಡಾಖ್‌ಫೆರ್‌ಬಾಂಡ್ ಲೇಮ್’ ಎಂಬ ಸಂಘ ಮಾಡಿಕೊಂಡರು. ಹಸಿ ಮಣ್ಣಿನ ಗೋಡೆಗೆ ಆಗ ಒಪ್ಪಿತ ನಿಯಮಗಳಿರಲಿಲ್ಲ. ಸಂಘವೇ ಅನುಭವಿ ಕುಶಲಕರ್ಮಿಗಳನ್ನೂ ಎಂಜಿನಿಯರುಗಳನ್ನೂ ಕೂಡಿಸಿ ನಿಯಮಾವಳಿ ಬರೆಯಿತು. 1999ರಲ್ಲಿ ಅದು ಪ್ರಕಟವಾದ ಮೇಲೆ ಅಲ್ಲಿನ ಬಹುಪಾಲು ರಾಜ್ಯಗಳು ಅದನ್ನು ಕಟ್ಟಡ ಕಾನೂನಿಗೆ ಸೇರಿಸಿಕೊಂಡವು. ಕರ್ನಾಟಕದಲ್ಲಿ ಇಂಥ ಜ್ಞಾನಕ್ಕೆ ಕೊರತೆಯಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹುಟ್ಟಿದ ‘ಅಸ್ತ್ರ’ ಕೇಂದ್ರ, ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ ಒತ್ತಿ ಮಾಡುವ, ಸುಡಬೇಕಿಲ್ಲದ ಇಟ್ಟಂಗಿಯನ್ನು ರೂಪಿಸಿ ಬೆಳೆಸಿತು. ಅಂಥ ಇಟ್ಟಂಗಿಗೆ ಐಎಸ್ 1725 ಎಂಬ ಮಾನಕವೂ ಇದೆ. 2013ರಲ್ಲಿ ಅದು ಪರಿಷ್ಕಾರಗೊಂಡಿದೆ.

ಉಳಿದದ್ದು ಕೆಲಸಗಾರರ ವಿಷಯ. 1996ರಲ್ಲಿ ಬಂದ ಕಟ್ಟಡ ಕಾರ್ಮಿಕರ ಕಾಯ್ದೆಗಳು ನಿರ್ಮಾಣ ವೆಚ್ಚದ ಮೇಲೆ ಸೆಸ್ ವಸೂಲು ಮಾಡುವ ಏರ್ಪಾಡು ತಂದವು. ಕರ್ನಾಟಕದಲ್ಲಿ ಆ ಹಣ ಕಾರ್ಮಿಕರ ಕಲ್ಯಾಣ ಮಂಡಳಿಗೆ ಹೋಗುತ್ತದೆ. ಹೆರಿಗೆ, ಮಕ್ಕಳ ಓದು, ಅಪಘಾತ, ಪಿಂಚಣಿ ಇವಕ್ಕೆಲ್ಲ ಅಲ್ಲಿಂದ ನೆರವು ದೊರೆಯುತ್ತದೆ. ಆದರೆ ನೆರವು ಸಿಗಬೇಕಾದರೆ ನೋಂದಣಿ ಬೇಕು. 18ರಿಂದ 60 ವರ್ಷದೊಳಗಿನ ಕಾರ್ಮಿಕ ಹಿಂದಿನ ಹನ್ನೆರಡು ತಿಂಗಳಲ್ಲಿ 90 ದಿನ ಕಟ್ಟಡ ಕೆಲಸ ಮಾಡಿರಬೇಕು. ಆ 90 ದಿನಗಳಿಗೆ ಪುರಾವೆ ಕೊಡಬಲ್ಲವನು ಮೊದಲಿಗೆ ಕೆಲಸ ಕೊಟ್ಟ ಬಿಲ್ಡರನೇ. ಗೌಂಡಿಗೂ ತಲೆಯ ಮೇಲೆ ಇಟ್ಟಂಗಿ ಹೊರುವ ಹೆಣ್ಣಾಳಿಗೂ ಕೆಲಸದ ದಾಖಲೆ ಇಟ್ಟು, ಕೇಳಿದಾಗ ಪ್ರಮಾಣಪತ್ರಕ್ಕೆ ಸಹಿ ಹಾಕಿಕೊಡುವಂತೆ ಸಂಘ ತನ್ನ ಸದಸ್ಯರಿಗೆ ಹೇಳಬಹುದು. ಅದಕ್ಕೆ ಹೊಸ ಕಾನೂನು ಬೇಕಿಲ್ಲ, ಸಂಘದ ಒಂದು ಠರಾವು ಸಾಕು.